ಅಂಜುವ ಹೆಬ್ಬಾವಿನ ಮರಿ

ಹಾವನ್ನು ಕಂಡರೆ ಮನುಷ್ಯನಿಗೆ ಅಂಜಿಕೆಯೆಂಬುದು ಎಲ್ಲರೂ ಬಲ್ಲ ಸಂಗತಿ. ಮನುಷ್ಯನನ್ನು ಕಂಡರೆ ಹಾವಿಗೂ ಅಂಜಿಕೆಯುಂಟೆಂಬುದನ್ನು ಮಾತ್ರ ನಾವು ಅಷ್ಟಾಗಿ ಆಲೋಚಿಸುವುದಿಲ್ಲ. ಯೂರೋಪು ಅಮೆರಿಕಗಳಲ್ಲಿ ಅನೇಕರು ನಾಯಿ ಬೆಕ್ಕುಗಳನ್ನು ಸಾಕುವಂತೆ ಹೆಬ್ಬಾವನ್ನೂ ಸಾಕುವುದುಂಟು. ಹೊಸದಾಗಿ ತಂದ ಮರಿಯನ್ನು ಎತ್ತಿಕೊಳ್ಳಲೆಂದು ಕೈ ನೀಡಿದೊಡನೆ ಅದು ಬುಸುಗುಟ್ಟುತ್ತದೆ. ಕತ್ತನ್ನು ಕೊಕ್ಕೆಯಂತೆ ಮಡಿಸಿ ಮುಂದಕ್ಕೆ ಚಿಮ್ಮುತ್ತದೆ. ಇಲ್ಲವೇ ತಲೆಯನ್ನು ನಡುವೆ ಅಡಗಿಸಿ ಉಂಡೆಯಾಗಿ ಸುತ್ತಿಕೊಳ್ಳುತ್ತದೆ. ಸಾಕುವವನು ಇದು ಕೆಟ್ಟ ಸ್ವಭಾವದ ಪ್ರಾಣಿಯೆಂದು ತೀರ್ಮಾನಿಸಿ, ಒಂದೋ ಅದನ್ನು ಬಲವಂತವಾಗಿ ಹಿಡಿಯತೊಡಗುತ್ತಾನೆ, ಅಥವಾ ಅದರ ಗೊಡವೆಯನ್ನೇ ಬಿಟ್ಟುಬಿಡುತ್ತಾನೆ. ಎರಡರಿಂದಲೂ ಕೆಡುಕಾಗುವುದು ಮರಿಗೇ. ಪದೇ ಪದೇ ಬೆದರಿದ ಮರಿ ಆಹಾರವನ್ನು ಮುಟ್ಟದೆ ವಾರಗಟ್ಟಲೆ ಉಪವಾಸವಿರುವುದುಂಟು.

ಈ ಅಂಜಿಕೆಗೆ ಕಾರಣವೇನು? ಅದನ್ನು ಕಡಮೆ ಮಾಡುವ ಕ್ರಮವಾವುದು? ಆ ಕ್ರಮಕ್ಕೆ ಆಧಾರವಾದ ಪ್ರಕೃತಿ ನಿಯಮಗಳಾವುವು? ಈ ಮೂರು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸೋಣ.

ಚೆಂಡು ಹೆಬ್ಬಾವು

ಹೀಗೆ ಸಾಕುವ ಜಾತಿಗಳಲ್ಲಿ ಬಹು ಪ್ರಸಿದ್ಧವಾದುದು ಪಶ್ಚಿಮ ಆಫ್ರಿಕದ ಒಂದು ಸಣ್ಣ ಹೆಬ್ಬಾವು. ಬೆದರಿದಾಗ ಉಂಡೆಯಾಗುವುದರಿಂದ ಇದಕ್ಕೆ ಇಂಗ್ಲಿಷಿನಲ್ಲಿ ಬಾಲ್ ಪೈಥಾನ್, ಅಂದರೆ ಚೆಂಡು ಹೆಬ್ಬಾವು, ಎಂದು ಹೆಸರು. ಶಾಸ್ತ್ರೀಯ ನಾಮ ಪೈಥಾನ್ ರೀಜಿಯಸ್. ಸೆನೆಗಾಲಿನಿಂದ ಪೂರ್ವಕ್ಕೆ ಉಗಾಂಡದವರೆಗಿನ ಹುಲ್ಲುಗಾವಲುಗಳೂ ಕುರುಚಲು ಕಾಡುಗಳೂ ಇದರ ನೆಲೆ. ಬೆಳೆದ ಹಾವು ಸಾಮಾನ್ಯವಾಗಿ ಒಂದರಿಂದ ಒಂದೂವರೆ ಮೀಟರ್ ಉದ್ದವಿರುತ್ತದೆ. ಮೊಟ್ಟೆಯಿಂದ ಆಗತಾನೆ ಹೊರಬಂದ ಮರಿಯಾದರೋ ನಮ್ಮ ಮೊಣಕೈಯಿಂದ ಬೆರಳ ತುದಿಯವರೆಗಿನ ಅಳತೆಯನ್ನೂ ಸಾಮಾನ್ಯವಾಗಿ ಮೀರದು.

ಹಗಲೆಲ್ಲ ಇಲಿಯ ಬಿಲದಲ್ಲಿಯೋ ಗೆದ್ದಲ ಹುತ್ತದಲ್ಲಿಯೋ ಅಡಗಿದ್ದು, ಕತ್ತಲಾದ ಮೇಲೆ ಹೊರಡುವುದು ಇದರ ವಾಡಿಕೆ. ಇದಕ್ಕೆ ವಿಷವಿಲ್ಲ, ಓಟದ ಬಲವಿಲ್ಲ. ಮರಿಗೆ ಹಕ್ಕಿಗಳಿಂದಲೂ ಮೃಗಗಳಿಂದಲೂ ಅಪಾಯ. ಬಯಲಿನಲ್ಲಿ ಮೇಲಿನಿಂದ ಎರಗುವ ದೊಡ್ಡ ವಸ್ತುವನ್ನು ಶತ್ರುವೆಂದು ಬಗೆಯದ ಮರಿ ಬದುಕಿ ಉಳಿಯುವುದು ದುರ್ಲಭ. ಹೀಗೆ ಉಳಿದವುಗಳ ಸಂತತಿಯೇ ಇಂದಿನ ಮರಿಗಳು. ಆದುದರಿಂದ ಗಾಜಿನ ಪೆಟ್ಟಿಗೆಯಲ್ಲಿ ಹುಟ್ಟಿ ಹದ್ದನ್ನು ಎಂದೂ ಕಾಣದ ಮರಿಯೂ ಮೇಲಿನಿಂದ ಇಳಿಯುವ ಕೈಯನ್ನು ಹದ್ದಿನಂತೆಯೇ ಎದುರಿಸುತ್ತದೆ.

ಆದರೆ ಈ ಅಂಜಿಕೆ ಕಳೆಯಲಾರದ್ದೇನೂ ಅಲ್ಲ. ಬೆನಿನ್ ದೇಶದ ವೀದಾ ಪಟ್ಟಣದಲ್ಲಿ ಹೆಬ್ಬಾವುಗಳದೇ ಒಂದು ಗುಡಿಯಿದೆ. ಅಲ್ಲಿ ಈ ಜಾತಿಯ ಹಾವುಗಳನ್ನು ಜನ ಪೂಜ್ಯವೆಂದು ಭಾವಿಸುತ್ತಾರೆ. ಬಂದವರ ಕೊರಳಿಗೆ ಅವನ್ನು ಮಾಲೆಯಂತೆ ಹಾಕುವುದೂ ಉಂಟು. ಹಾವುಗಳು ಅದನ್ನು ಸಹಿಸಿಕೊಂಡಿರುತ್ತವೆ.

ಕೈಯ ಶಾಖ

ಮರಿಗೆ ನಮ್ಮ ಕೈ ಹೇಗೆ ತೋರುತ್ತದೆಂಬುದನ್ನು ತಿಳಿಯಲು ಭೌತಶಾಸ್ತ್ರದ ನೆರವು ಬೇಕು. ಈ ಹಾವಿನ ತುಟಿಯ ಅಂಚಿನಲ್ಲಿ ಸಾಲಾಗಿ ಸಣ್ಣ ಕುಳಿಗಳಿವೆ. ಇವು ಶಾಖದ ಇಂದ್ರಿಯಗಳು. 1937ರಲ್ಲಿ ನೋಬಲ್ ಮತ್ತು ಶ್ಮಿಟ್ ಎಂಬ ಅಮೆರಿಕದ ವಿಜ್ಞಾನಿಗಳು, ಇಂಥ ಕುಳಿಗಳುಳ್ಳ ಹಾವುಗಳು ಕಣ್ಣಿನ ನೆರವಿಲ್ಲದೆಯೇ ಬಿಸಿಯಾದ ವಸ್ತುವನ್ನು ತಣ್ಣನೆಯ ವಸ್ತುವಿನಿಂದ ಬೇರ್ಪಡಿಸಿ ಗುರುತಿಸಬಲ್ಲವೆಂದು ತೋರಿಸಿದರು. ಕುಳಿಯ ನರಗಳಲ್ಲಿ ಶಾಖವನ್ನು ಅರಿಯುವ ಅಣು ಯಾವುದೆಂಬುದು ಗೊತ್ತಾದುದು 2010ರಲ್ಲಿ. ಡೇವಿಡ್ ಜೂಲಿಯಸ್ ಮತ್ತು ಅವರ ಸಹೋದ್ಯೋಗಿಗಳು ಕಂಡುಹಿಡಿದ ಈ ಪ್ರೋಟೀನಿನ ಹೆಸರು ಟಿಆರ್‌ಪಿಎ1. ನಮ್ಮ ದೇಹದಲ್ಲಿಯೂ ಇದೇ ಪ್ರೋಟೀನು ಇದೆ. ಸಾಸಿವೆಯ ಘಾಟನ್ನು ನಮಗೆ ತಿಳಿಸುವುದು ಅದೇ. ನಮ್ಮಲ್ಲಿ ಘಾಟನ್ನು ಹೇಳುವ ಅಣು ಹೆಬ್ಬಾವಿನಲ್ಲಿ ಶಾಖವನ್ನು ಹೇಳುತ್ತದೆ. ಉಷ್ಣತೆ ಮತ್ತು ಸ್ಪರ್ಶಗಳ ಗ್ರಾಹಕಗಳ ಸಂಶೋಧನೆಗಾಗಿ ಜೂಲಿಯಸರಿಗೆ 2021ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ಈಗ ಒಂದು ಸಣ್ಣ ಲೆಕ್ಕ. ಕೋಣೆಯ ಗೋಡೆಯ ಉಷ್ಣತೆ 27 ಡಿಗ್ರಿ ಸೆಲ್ಸಿಯಸ್, ಅಂಗೈಯದು 33 ಡಿಗ್ರಿ ಎಂದಿಟ್ಟುಕೊಳ್ಳೋಣ. ಕೆಲ್ವಿನ್ ಮಾನದಲ್ಲಿ ಇವು ಸುಮಾರು 300 ಮತ್ತು 306. ಒಂದು ವಸ್ತು ಹೊರಸೂಸುವ ವಿಕಿರಣವು ಕೆಲ್ವಿನ್ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆಂಬುದು ಸ್ಟೀಫನ್ನನ ನಿಯಮ. ಎರಡನ್ನೂ ಕೃಷ್ಣಕಾಯಗಳೆಂದು ಭಾವಿಸಿದರೆ ಗೋಡೆ ಚದರ ಮೀಟರಿಗೆ 459 ವಾಟ್, ಅಂಗೈ 497 ವಾಟ್ ಸೂಸುತ್ತವೆ. ಅಂದರೆ ಅಂಗೈಯದು ನೂರಕ್ಕೆ 8ರಷ್ಟು ಹೆಚ್ಚು. ವೀನನ ನಿಯಮದಂತೆ ಅಂಗೈಯ ವಿಕಿರಣ ಅತಿ ಪ್ರಬಲವಾಗಿರುವುದು ಸುಮಾರು 9.5 ಮೈಕ್ರೋಮೀಟರ್ ತರಂಗಾಂತರದಲ್ಲಿ. ನಮ್ಮ ಕಣ್ಣಿಗೆ ಕಾಣುವ ಕೆಂಪು ಬೆಳಕು 0.7 ಮೈಕ್ರೋಮೀಟರಿಗೇ ಮುಗಿದುಹೋಗುವುದರಿಂದ ಈ ಅವಕೆಂಪು ಕಿರಣಗಳು ನಮಗೆ ಅಗೋಚರ, ಹಾವಿಗೆ ಗೋಚರ.

ಇಲಿಯ ಮೈಯೂ ಹೆಚ್ಚುಕಡಮೆ ಇದೇ ತರಂಗಾಂತರದಲ್ಲಿ ವಿಕಿರಣವನ್ನು ಸೂಸುತ್ತದೆ. ಆದುದರಿಂದ ಶಾಖದ ಬಣ್ಣದಿಂದ ಕೈ ಯಾವುದು, ಇಲಿ ಯಾವುದು ಎಂದು ಮರಿ ಬೇರ್ಪಡಿಸಲಾರದು. ಗಾತ್ರ, ಚಲನೆ, ವಾಸನೆ ಇವೇ ಅದಕ್ಕೆ ಉಳಿದ ಸಾಕ್ಷ್ಯಗಳು. ಇಲಿಯನ್ನು ಮುಟ್ಟಿದ ಕೈಯನ್ನು ತೊಳೆಯದೆ ಚಾಚಿದರೆ ಮರಿ ಅದನ್ನು ಆಹಾರವೆಂದೇ ಹಿಡಿಯಬಹುದು. ಸ್ವಚ್ಛವಾದ ಕೈಯನ್ನು ಮೇಲಿನಿಂದ ಸರಕ್ಕನೆ ಇಳಿಸಿದರೆ ಶತ್ರುವೆಂದು ಕಚ್ಚಬಹುದು. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ಕಚ್ಚುವಿಕೆ. ಕಾರಣಗಳು ಬೇರೆ, ಪರಿಹಾರಗಳೂ ಬೇರೆ.

ನೆಲದ ಕಂಪನ

ಹಾವಿಗೆ ಹೊರಕಿವಿಯಿಲ್ಲ, ಕಿವಿದಮ್ಮಟೆಯೂ ಇಲ್ಲ. ಡೆನ್ಮಾರ್ಕಿನ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೇ ಚೆಂಡು ಹೆಬ್ಬಾವಿನ ಮೇಲೆ ನಡೆದದ್ದು. ಅದರ ಕಿವಿ ಸೆಕೆಂಡಿಗೆ 80ರಿಂದ 160 ಆವರ್ತಗಳ ಕಂಪನಕ್ಕೆ ಬಹು ಚುರುಕಾಗಿದೆ. ಗಾಳಿಯಲ್ಲಿ ಬರುವ ಶಬ್ದ ತಲೆಬುರುಡೆಯನ್ನು ನಡುಗಿಸಿದಾಗ ಮಾತ್ರ ಅದಕ್ಕೆ ಕೇಳಿಸುತ್ತದೆ ಎಂದು ಅವರು ಕಂಡರು. ಇದರಿಂದ ಸಾಕುವವನಿಗೆ ಒಂದು ಪಾಠವಿದೆ. ಮರಿಯೊಡನೆ ಮೃದುವಾಗಿ ಮಾತಾಡಿ ಅದನ್ನು ಸಂತೈಸುವೆನೆಂಬುದು ಬಹುಮಟ್ಟಿಗೆ ವ್ಯರ್ಥ. ಆದರೆ ಪೆಟ್ಟಿಗೆಯಿರುವ ಮೇಜಿಗೆ ಕಾಲು ತಾಗಿಸುವುದು, ಬಾಗಿಲನ್ನು ಧಡಾರನೆ ಮುಚ್ಚುವುದು, ಪೆಟ್ಟಿಗೆಯ ಬದಿಯಲ್ಲಿ ರೇಡಿಯೋವನ್ನಿಡುವುದು ಇವು ಮರಿಯ ತಲೆಬುರುಡೆಗೇ ತಟ್ಟುವ ಕ್ರಿಯೆಗಳು.

ಒಗ್ಗಿಕೆಯ ನಿಯಮಗಳು

ರೈಲುದಾರಿಯ ಪಕ್ಕದ ಮನೆಗೆ ಹೊಸದಾಗಿ ಬಂದವರಿಗೆ ಮೊದಲ ರಾತ್ರಿ ನಿದ್ದೆ ಬರುವುದಿಲ್ಲ. ತಿಂಗಳು ಕಳೆದ ಮೇಲೆ ರೈಲು ಬಂದದ್ದೇ ತಿಳಿಯುವುದಿಲ್ಲ. ಹಾನಿ ಮಾಡದ ಪ್ರಚೋದನೆ ಮತ್ತೆ ಮತ್ತೆ ಬಂದಾಗ ನರಮಂಡಲ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತದೆ. ಇದಕ್ಕೆ ಒಗ್ಗಿಕೆ ಎನ್ನೋಣ. ಮನಶ್ಶಾಸ್ತ್ರಜ್ಞರು ಹ್ಯಾಬಿಚುಯೇಷನ್ ಎನ್ನುತ್ತಾರೆ. 1966ರಲ್ಲಿ ಥಾಂಪ್ಸನ್ ಮತ್ತು ಸ್ಪೆನ್ಸರ್ ಇದರ ಒಂಬತ್ತು ಲಕ್ಷಣಗಳನ್ನು ಪಟ್ಟಿ ಮಾಡಿದರು. ಎರಿಕ್ ಕ್ಯಾಂಡೆಲ್ ಅಪ್ಲೀಸಿಯ ಎಂಬ ಕಡಲ ಮೃದ್ವಂಗಿಯಲ್ಲಿ ಇದು ನರಕೋಶಗಳ ನಡುವಣ ಸಂಧಿಗಳಲ್ಲಿಯೇ ಆಗುವ ಬದಲಾವಣೆಯೆಂದು ತೋರಿಸಿದರು. 2000ದ ನೊಬೆಲ್ ಪಾರಿತೋಷಕವನ್ನು ಅವರು ಇಬ್ಬರೊಡನೆ ಹಂಚಿಕೊಂಡರು.

ನಮ್ಮ ವಿಷಯಕ್ಕೆ ಬೇಕಾದ ನಿಯಮಗಳು ನಾಲ್ಕು. ಮೊದಲನೆಯದು, ಪ್ರಚೋದನೆ ದುರ್ಬಲವಾದಷ್ಟೂ ಒಗ್ಗಿಕೆ ಬೇಗ ಆಗುತ್ತದೆ. ಎರಡನೆಯದು, ಪ್ರಚೋದನೆ ತೀಕ್ಷ್ಣವಾಗಿದ್ದರೆ ಒಗ್ಗಿಕೆಯ ಬದಲು ಅದಕ್ಕೆ ವಿರುದ್ಧವಾದುದೇ ಆಗಬಹುದು. ಪ್ರಾಣಿ ದಿನದಿಂದ ದಿನಕ್ಕೆ ಹೆಚ್ಚು ಬೆದರುತ್ತದೆ. ಮೂರನೆಯದು, ಬಿಡುವು ಹೆಚ್ಚಾದರೆ ಹಳೆಯ ಅಂಜಿಕೆ ಮರುಕಳಿಸುತ್ತದೆ. ನಾಲ್ಕನೆಯದು, ಒಂದೇ ಸಲ ದೀರ್ಘವಾಗಿ ಮಾಡಿದ ಅಭ್ಯಾಸಕ್ಕಿಂತ ದಿನಗಳಲ್ಲಿ ಹಂಚಿ ಮಾಡಿದ ಅಭ್ಯಾಸ ಹೆಚ್ಚು ಕಾಲ ನಿಲ್ಲುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿಯೆಲ್ಲ ಓದುವ ವಿದ್ಯಾರ್ಥಿಗಳಿಗೂ ಈ ಕೊನೆಯ ಮಾತು ಉಪಯುಕ್ತವಾದೀತು.

ಹೀಗಾಗಿ ಮರಿಯನ್ನು ಒಗ್ಗಿಸುವುದೆಂದರೆ ಅದನ್ನು ಸೋಲಿಸುವುದಲ್ಲ. ನಮ್ಮ ಕೈ ಅದರ ಪಾಲಿಗೆ ಗಮನಕ್ಕೆ ತಕ್ಕದ್ದಲ್ಲದ ಒಂದು ವಸ್ತುವಾಗುವಂತೆ ಮಾಡುವುದು, ಅಷ್ಟೆ.

ಒಗ್ಗಿಸುವ ಕ್ರಮ

ಹೊಸದಾಗಿ ತಂದ ಮರಿಯನ್ನು ಮೊದಲ ವಾರ ಮುಟ್ಟಲೇಬಾರದು. ಪೆಟ್ಟಿಗೆಯ ಒಂದು ತುದಿ ಸುಮಾರು 32 ಡಿಗ್ರಿ, ಇನ್ನೊಂದು ತುದಿ ಸುಮಾರು 26 ಡಿಗ್ರಿ ಇರಬೇಕು. ಎರಡು ಕಡೆಯೂ ಮೈ ತಾಗುವಷ್ಟು ಇಕ್ಕಟ್ಟಾದ ಅಡಗುತಾಣಗಳಿರಬೇಕು. ಹಾವು ತನ್ನ ದೇಹದ ಶಾಖವನ್ನು ತಾನೇ ಉತ್ಪಾದಿಸಿ ಕಾಪಾಡಿಕೊಳ್ಳುವ ಪ್ರಾಣಿಯಲ್ಲ. ಬೇಕಾದ ಉಷ್ಣತೆಯಿರುವೆಡೆಗೆ ಸರಿದು ಪಡೆಯುತ್ತದೆ. ಅಡಗುತಾಣ ಒಂದೇ ಇದ್ದರೆ ಮರಿ ಅಭಯವನ್ನು ಆರಿಸಬೇಕೋ ಶಾಖವನ್ನು ಆರಿಸಬೇಕೋ ಎಂಬ ಇಕ್ಕಟ್ಟಿಗೆ ಸಿಲುಕುತ್ತದೆ. ಹೊಸ ಜಾಗದಲ್ಲಿ ಅದು ಒಂದೆರಡು ಬಾರಿ ತಾನಾಗಿ ಆಹಾರ ತಿಂದಿತೆಂದರೆ ನೆಲೆಯೂರಿತೆಂದು ತಿಳಿಯಬಹುದು.

ಅನಂತರ ಕೆಲವು ದಿನ ಕೈಯನ್ನು ಪೆಟ್ಟಿಗೆಯೊಳಗೆ ಸುಮ್ಮನೆ ಇಟ್ಟು ತೆಗೆಯಬೇಕು. ಮರಿಯನ್ನು ಮುಟ್ಟುವ ಆತುರ ಕೂಡದು. ಅದು ನಾಲಗೆಯನ್ನು ನಿಧಾನವಾಗಿ ಚಾಚಿ ವಾಸನೆ ನೋಡಿದರೆ ಒಳ್ಳೆಯ ಚಿಹ್ನೆ. ಕತ್ತನ್ನು ಮಡಿಸಿ ಕೈಯ ಕಡೆಗೇ ನೆಟ್ಟು ನಿಂತರೆ ಇನ್ನೂ ಕಾಲ ಬಂದಿಲ್ಲ.

ಎತ್ತುವಾಗ ಮೇಲಿನಿಂದಲ್ಲ, ಪಕ್ಕದಿಂದ ಕೈ ತರಬೇಕು. ತಲೆಯನ್ನು ಬಿಟ್ಟು ಮೈಯ ನಡುಭಾಗದ ಅಡಿಗೆ ಬೆರಳುಗಳನ್ನು ನಿಧಾನವಾಗಿ ತೂರಿಸಿ, ಎರಡು ಕೈಗಳ ಮೇಲೂ ಭಾರ ಬೀಳುವಂತೆ ಎತ್ತಬೇಕು. ಬಿಗಿಯಾಗಿ ಹಿಡಿಯಬಾರದು. ಮರದ ಕೊಂಬೆಯಂತೆ ಕೈ ಆಧಾರ ಕೊಡಬೇಕೇ ಹೊರತು ಬಂಧಿಸಬಾರದು. ಉಂಡೆಯಾದ ಮರಿಯನ್ನು ಬಿಡಿಸಲೂ ಹೋಗಬಾರದು. ಅಂಗೈಯಲ್ಲಿ ಅಲುಗದೆ ಇಟ್ಟುಕೊಂಡರೆ ಅದೇ ತಲೆ ಹೊರಹಾಕುತ್ತದೆ.

ಮೊದಲ ದಿನಗಳಲ್ಲಿ ಐದು ನಿಮಿಷ ಸಾಕು. ವಾರಕ್ಕೆ ಎರಡು ಮೂರು ಬಾರಿಯಂತೆ ನಡೆಸಿ ಕ್ರಮೇಣ ಹತ್ತು ಹದಿನೈದು ನಿಮಿಷಕ್ಕೆ ಏರಿಸಬಹುದು. ಇದಕ್ಕೆ ಭೌತಶಾಸ್ತ್ರದ ಕಾರಣವೂ ಉಂಟು. ಹಾವಿನ ಮೈ ಸ್ಥೂಲವಾಗಿ ಒಂದು ಸಿಲಿಂಡರು. ಅದರ ವ್ಯಾಸ ನಾಲ್ಕನೆಯ ಒಂದು ಭಾಗವಾದರೆ ತೂಕಕ್ಕೆ ಹೋಲಿಸಿದ ಮೇಲ್ಮೈ ನಾಲ್ಕರಷ್ಟಾಗುತ್ತದೆ. ಆದುದರಿಂದ ತಣ್ಣನೆಯ ಕೋಣೆಯಲ್ಲಿ ತೆಳ್ಳನೆಯ ಮರಿ ದೊಡ್ಡ ಹಾವಿಗಿಂತ ಬಹು ಬೇಗ ಶಾಖವನ್ನು ಕಳೆದುಕೊಳ್ಳುತ್ತದೆ.

ಮರಿಯನ್ನು ಎತ್ತಬಾರದ ಎರಡು ಕಾಲಗಳಿವೆ. ಆಹಾರ ತಿಂದ ಮೇಲೆ ಕಡಮೆಯೆಂದರೆ ಎರಡು ದಿನ ಬಿಡಬೇಕು. ಇಲ್ಲವಾದರೆ ನುಂಗಿದ್ದನ್ನು ಕಕ್ಕಿಬಿಡಬಹುದು. ಪೊರೆ ಬಿಡುವ ಮುನ್ನ ಅದರ ಕಣ್ಣು ಹಾಲುನೀಲಿಯಾಗಿ ಮಂಜಾಗುತ್ತದೆ. ಸರಿಯಾಗಿ ಕಾಣದ ಪ್ರಾಣಿ ಸುಲಭವಾಗಿ ಬೆದರುವುದರಿಂದ ಆಗಲೂ ಮುಟ್ಟಬಾರದು.

ಕಚ್ಚಿದರೆ

ಮರಿ ಚಿಮ್ಮಿದಾಗ ಕೈಯನ್ನು ಹಿಂದಕ್ಕೆಳೆಯುವುದು ಸ್ವಾಭಾವಿಕ. ಆದರೆ ಪ್ರತಿಸಲವೂ ಹಾಗೆ ಮಾಡಿದರೆ ಕಚ್ಚಿದರೆ ಶತ್ರು ಓಡುತ್ತಾನೆಂಬ ಪಾಠವನ್ನು ನಾವೇ ಅದಕ್ಕೆ ಕಲಿಸಿದಂತಾಗುತ್ತದೆ. ಕೈಯನ್ನು ಅಲುಗಿಸದೆ ನಿಲ್ಲಿಸಿ, ಮರಿ ಶಾಂತವಾದ ಮೇಲೆ ನಿಧಾನವಾಗಿ ಸರಿಸುವುದೇ ಸರಿ. ಕಚ್ಚಿ ಹಿಡಿದುಕೊಂಡಿದ್ದರೂ ಜಗ್ಗಬಾರದು. ಅದರ ಹಲ್ಲುಗಳು ಹಿಂದಕ್ಕೆ ಬಾಗಿವೆ. ಜಗ್ಗಿದರೆ ನಮ್ಮ ಚರ್ಮವೂ ಹರಿಯುತ್ತದೆ, ಅದರ ಹಲ್ಲೂ ಮುರಿಯುತ್ತದೆ. ಬಿಟ್ಟ ಮೇಲೆ ಗಾಯವನ್ನು ಸೋಪಿನಿಂದ ತೊಳೆಯಬೇಕು. ಕಚ್ಚದ ದಿನವೂ ಹಾವನ್ನು ಮುಟ್ಟಿದ ಮೇಲೆ ಕೈ ತೊಳೆಯುವುದು ಅಗತ್ಯ. ಉರಗಗಳ ಮೈಮೇಲೆ ಸಾಲ್ಮೊನೆಲ್ಲ ಬ್ಯಾಕ್ಟೀರಿಯ ಇರುವುದುಂಟು.

ನಮ್ಮ ನಾಡಿನ ಮಾತು

ಇಷ್ಟನ್ನು ಓದಿ ಗದ್ದೆಯ ಬದುವಿನಲ್ಲಿ ಸಿಕ್ಕ ಹೆಬ್ಬಾವಿನ ಮರಿಯನ್ನು ಸಾಕೋಣವೆಂದು ಯಾರೂ ಹೊರಡಬಾರದು. ನಮ್ಮ ಕಾಡುಗಳ ಹೆಬ್ಬಾವು ಪೈಥಾನ್ ಮೋಲುರಸ್ ಎಂಬ ಬೇರೆಯೇ ಜಾತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಅದಿರುವುದರಿಂದ ಹಿಡಿಯುವುದೂ ಸಾಕುವುದೂ ಅಪರಾಧ. ಕಂಡರೆ ದೂರದಲ್ಲಿ ನಿಂತು ಅರಣ್ಯ ಇಲಾಖೆಗೆ ತಿಳಿಸುವುದೇ ನಮ್ಮ ಕೆಲಸ. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶೀ ಪ್ರಾಣಿಗಳನ್ನು ಇಟ್ಟುಕೊಂಡವರೂ 2022ರ ತಿದ್ದುಪಡಿಯಂತೆ ಅವನ್ನು ಸರಕಾರದಲ್ಲಿ ನೋಂದಾಯಿಸಬೇಕು. ಚೆಂಡು ಹೆಬ್ಬಾವು ಆ ಪಟ್ಟಿಯಲ್ಲಿದೆ. ಅಲ್ಲದೆ ಇದು ಅಲ್ಪಕಾಲದ ಹೊಣೆಯಲ್ಲ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯವನ್ನು 1961ರಲ್ಲಿ ಸೇರಿದ ಒಂದು ಹೆಣ್ಣು ಚೆಂಡು ಹೆಬ್ಬಾವು 2020ರಲ್ಲಿ ಮೊಟ್ಟೆಯಿಟ್ಟಿತು. ಮರಿಯನ್ನು ಇಂದು ಕೊಂಡ ಹುಡುಗ ಮುದುಕನಾಗುವವರೆಗೂ ಅದು ಬದುಕಿದ್ದೀತು.

ಒಗ್ಗಿದ ಹಾವು ನಮ್ಮನ್ನು ಪ್ರೀತಿಸುತ್ತದೆಂದು ಹೇಳಲು ಆಧಾರವಿಲ್ಲ. ಅಂಜುವುದನ್ನು ಬಿಟ್ಟಿದೆಯೆಂದಷ್ಟೇ ಹೇಳಬಹುದು. ಅಂಜಿಕೆಯಿಲ್ಲದ ಪ್ರಾಣಿ ತಿನ್ನುತ್ತದೆ, ಬೆಳೆಯುತ್ತದೆ. ವೈದ್ಯರು ಪರೀಕ್ಷಿಸುವಾಗಲೂ ಒದ್ದಾಡುವುದಿಲ್ಲ. ಸೆರೆಯಲ್ಲಿಟ್ಟ ಜೀವಕ್ಕೆ ನಾವು ಕೊಡಬಹುದಾದ ಉಪಕಾರಗಳಲ್ಲಿ ಇದು ಚಿಕ್ಕದೇನೂ ಅಲ್ಲ.

ಒಗ್ಗಿಕೆಯ ನಿಯಮಗಳನ್ನು ಪರೀಕ್ಷಿಸಲು ಹೆಬ್ಬಾವೇ ಬೇಕಿಲ್ಲ. ಮಳೆಗಾಲದಲ್ಲಿ ತೋಟದ ಬಸವನಹುಳುವೊಂದನ್ನು ಹಲಗೆಯ ಮೇಲೆ ಬಿಟ್ಟು, ಅದು ಕೊಂಬುಗಳನ್ನು ಚಾಚಿದ ಮೇಲೆ ಹಲಗೆಯನ್ನು ಪೆನ್ಸಿಲಿನಿಂದ ಐದೈದು ಸೆಕೆಂಡಿಗೊಮ್ಮೆ ಮೆಲ್ಲಗೆ ತಟ್ಟಿರಿ. ಎಷ್ಟನೆಯ ತಟ್ಟಿಗೆ ಅದು ಕೊಂಬನ್ನು ಎಳೆದುಕೊಳ್ಳುವುದನ್ನು ನಿಲ್ಲಿಸುತ್ತದೆಂದು ಬರೆದಿಡಿರಿ. ಕಾಲು ಗಂಟೆ ಬಿಡುವು ಕೊಟ್ಟು ಮತ್ತೆ ಎಣಿಸಿರಿ. ಇನ್ನೊಂದು ದಿನ ಸ್ವಲ್ಪ ಜೋರಾಗಿ ತಟ್ಟಿ ಎಣಿಸಿ ಹೋಲಿಸಿರಿ. ಮೇಲೆ ಹೇಳಿದ ನಿಯಮಗಳಲ್ಲಿ ಎಷ್ಟು ನಿಮ್ಮ ಅಂಕಿಗಳಲ್ಲಿ ಕಾಣುತ್ತವೆಂಬುದನ್ನು ನೀವೇ ನಿರ್ಧರಿಸಬಹುದು. ಪ್ರಯೋಗ ಮುಗಿದ ಮೇಲೆ ಹುಳುವನ್ನು ತಂದ ಜಾಗದಲ್ಲಿಯೇ ಬಿಡುವುದನ್ನು ಮರೆಯಬೇಡಿರಿ.