ಕರೆಂಟ್ ಬಿಲ್ಲಿನಲ್ಲಿ ನಿಂತ ರೊಕ್ಕ, ಓಡುವ ರೊಕ್ಕ

ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಒಯ್ಯುವವರಿಗೆ ಬದಲಾಗುವ ದರ ಅಂದರೆ ಏನೆಂದು ಯಾರೂ ಪಾಠ ಹೇಳಬೇಕಾಗಿಲ್ಲ. ಸೋಮವಾರ ಒಂದು ದರ, ಗುರುವಾರ ಇನ್ನೊಂದು. 2024ರ ಮಾರ್ಚ್ 11ರಂದು ದರ ಬಿದ್ದ ಸಿಟ್ಟಿಗೆ ಅಲ್ಲಿನ ಎಪಿಎಂಸಿ ಕಚೇರಿಗೇ ಬೆಂಕಿ ಬಿದ್ದದ್ದು ಎಲ್ಲರಿಗೂ ಗೊತ್ತು. ರಾಣೇಬೆನ್ನೂರು ಕಡೆ ಕಂಪನಿಗಳಿಗೆ ಬೀಜ ಮಾಡಿಕೊಡುವವರ ಅನುಭವ ಬೇರೆ. ಕ್ರಾಸಿಂಗ್ ಸುರು ಮಾಡುವ ಮೊದಲೇ ಕಿಲೋಕ್ಕೆ ಇಷ್ಟು ಅಂತ ಕರಾರು ಆಗಿರುತ್ತದೆ. ಪೇಟೆ ಏರಿದರೂ ಅಷ್ಟೇ, ಇಳಿದರೂ ಅಷ್ಟೇ. ಇಳಿದ ವರ್ಷ ನೆಮ್ಮದಿ, ಏರಿದ ವರ್ಷ ಹೊಟ್ಟೆಯುರಿ.

ಮನೆಯ ಕರೆಂಟಿನ ದರದಲ್ಲೂ ಇವೆರಡೇ ಜಾತಿ. ಕೆಲವು ದೇಶಗಳಲ್ಲಿ ಮನೆಯವರೇ ಇದನ್ನು ಆರಿಸಿಕೊಳ್ಳುತ್ತಾರೆ: ವರ್ಷವಿಡೀ ಒಂದೇ ದರ ಬೇಕೋ, ಪೇಟೆಯೊಂದಿಗೆ ಏರಿಳಿಯುವ ದರ ಬೇಕೋ? 2021ರ ಫೆಬ್ರುವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಭಾರೀ ಹಿಮ ಬಿದ್ದು ಸಗಟು ಕರೆಂಟಿನ ದರ ಯೂನಿಟ್ಟಿಗೆ 9 ಡಾಲರಿಗೆ ಹೋಯಿತು. ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 650 ರೂಪಾಯಿ. ಗ್ರಿಡ್ಡಿ ಎಂಬ ಕಂಪನಿಯ ಗಿರಾಕಿಗಳು ಸಗಟು ದರವನ್ನೇ ಕೊಡಲು ಒಪ್ಪಿಕೊಂಡವರು. ಹಿಂದೆಲ್ಲ ಅಗ್ಗವಾಗಿ ಸಿಕ್ಕಿದ್ದ ಕರೆಂಟಿಗೆ ಆ ನಾಲ್ಕಾರು ದಿನಗಳಲ್ಲಿ ಕೆಲವು ಮನೆಗಳಿಗೆ ಸಾವಿರಾರು ಡಾಲರ್ ಬಿಲ್ಲು ಬಂತು. ಮರುತಿಂಗಳೇ ಕಂಪನಿ ದಿವಾಳಿ ಅರ್ಜಿ ಹಾಕಿತು. ಅದೇ ವರ್ಷ ಬ್ರಿಟನ್ನಿನಲ್ಲಿ ಗ್ಯಾಸಿನ ದರ ಏರಿದಾಗ ಕಾಯಂ ದರದ ಕರಾರು ಮಾಡಿಕೊಂಡಿದ್ದ ಮನೆಗಳು ಕರಾರು ಮುಗಿಯುವ ತನಕ ಬಚಾವಾದವು. ಕಡಿಮೆ ದರಕ್ಕೆ ಮಾತು ಕೊಟ್ಟಿದ್ದ ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳು ಮುಳುಗಿದವು. ದರ ಏರಿದ ಹೊರೆ ಯಾರಾದರೊಬ್ಬರು ಹೊರಲೇಬೇಕು.

'ನಮಗೇನ್ರಿ ಅದು? ನಮಗ ಇರೋದು ಒಂದ ಹೆಸ್ಕಾಂ, ಅವರು ಹಾಕಿದ್ದು ಕೊಡೋದು' ಎಂದು ಕೇಳಬಹುದು. ಖರೇ ಮಾತು. ನಮ್ಮಲ್ಲಿ ದರ ಗೊತ್ತು ಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಹೆಸ್ಕಾಂ ಆಫೀಸಿಗೆ ಹೋಗಿ 'ನನಗೆ ಕಾಯಂ ದರ ಕೊಡ್ರಿ' ಎಂದು ಕೇಳಲು ಬರುವುದಿಲ್ಲ. ಆದರೆ ಬಿಲ್ಲಿನ ಒಳಗೇ ಎರಡು ಭಾಗ ಇವೆ. ಒಂದು ನಿಂತ ರೊಕ್ಕ, ಒಂದು ಓಡುವ ರೊಕ್ಕ. ಎಷ್ಟು ನಿಲ್ಲಬೇಕು, ಎಷ್ಟು ಓಡಬೇಕು ಎನ್ನುವುದು ಬಹುಪಾಲು ಮನೆಯವರ ಕೈಯಲ್ಲೇ ಇದೆ. ಆ ಬಿಲ್ಲಿನ ಚೀಟಿಯನ್ನು ಮೊಳೆಗೆ ಚುಚ್ಚುವ ಮೊದಲು ಒಮ್ಮೆ ಓದಿ ನೋಡಬೇಕು, ಅಷ್ಟೇ.

ಎರಡು ಭಾಗ

ನಿಂತ ರೊಕ್ಕ ಅಂದರೆ ಬಿಲ್ಲಿನಲ್ಲಿರುವ ನಿಗದಿತ ಶುಲ್ಕ. ಇದು ನೀವು ಸುಟ್ಟ ಕರೆಂಟಿಗಲ್ಲ, ನಿಮ್ಮ ಮನೆಗೆ ಮಂಜೂರಾದ ಲೋಡಿಗೆ. ಮನೆಗೆ ಬೀಗ ಹಾಕಿ ತಿಂಗಳು ಪೂರ್ತಿ ಮಗಳ ಊರಿಗೆ ಹೋಗಿ ಬಂದರೂ ಇದು ಬೀಳುತ್ತದೆ. 2025-26ರಲ್ಲಿ ಮನೆಗಳಿಗೆ ಇದು ಕಿಲೋವ್ಯಾಟಿಗೆ ತಿಂಗಳಿಗೆ 145 ರೂಪಾಯಿ ಇತ್ತು. ಅದರ ಹಿಂದಿನ ವರ್ಷ 120.

ಓಡುವ ರೊಕ್ಕ ಯೂನಿಟ್ಟಿನದು. ಒಂದು ಸಾವಿರ ವ್ಯಾಟ್ ಒಂದು ತಾಸು ಓಡಿದರೆ ಒಂದು ಯೂನಿಟ್ಟು. ಮೊದಲು ಹೆಚ್ಚು ಸುಟ್ಟವನಿಗೆ ಹೆಚ್ಚು ದರ ಎಂಬ ಹಂತಗಳಿದ್ದವು. 2024ರ ಏಪ್ರಿಲ್‌ನಿಂದ ಅವನ್ನು ತೆಗೆದು ಒಂದೇ ದರ, 5 ರೂ. 90 ಪೈಸೆ ಮಾಡಿದರು. 2025ರ ಏಪ್ರಿಲ್‌ನಲ್ಲಿ ಅದು 5 ರೂ. 80 ಪೈಸೆ ಆಯಿತು. ಇಳಿಯಿತು ಎಂದು ಹಿಗ್ಗುವ ಹಾಗಿಲ್ಲ, ಅದೇ ದಿನ ನೌಕರರ ಪಿಂಚಣಿಯ ಬಾಬ್ತು ಯೂನಿಟ್ಟಿಗೆ 36 ಪೈಸೆ ಬಂದು ಕೂತಿತು, ನಿಂತ ರೊಕ್ಕವೂ ಏರಿತು. ಒಂದು ಕೈಯಿಂದ ಹತ್ತು ಪೈಸೆ ಕೊಟ್ಟು ಇನ್ನೊಂದು ಕೈಯಿಂದ ಮೂವತ್ತಾರು ಇಸಕೊಂಡ ಲೆಕ್ಕ. ಯೂನಿಟ್ಟಿನ ದರದ ಮೇಲೆ ಶೇ. 9 ತೆರಿಗೆ ಬೇರೆ. ಎಲ್ಲ ಕೂಡಿಸಿದರೆ ಆ ವರ್ಷ ಒಂದು ಯೂನಿಟ್ಟು ಸುಮಾರು 6 ರೂ. 68 ಪೈಸೆಗೆ ಬಿತ್ತು. ಇದರ ಮೇಲೆ ಇಂಧನ ಹೊಂದಾಣಿಕೆ ಶುಲ್ಕ ಎಂಬುದೊಂದಿದೆ. ಕಲ್ಲಿದ್ದಲು, ಹೊರಗಿನಿಂದ ಕೊಂಡ ಕರೆಂಟು ಇವುಗಳ ಖರ್ಚು ಏರಿದ ತಿಂಗಳು ಕೂಡುತ್ತದೆ, ಇಳಿದ ತಿಂಗಳು ಕಳೆಯುವುದೂ ಉಂಟು. ನಮ್ಮ ಬಿಲ್ಲಿನಲ್ಲಿ ಬ್ಯಾಡಗಿ ಪೇಟೆಯಂತೆ ಕುಣಿಯುವುದು ಇದೊಂದೇ. ಅದು ನಮ್ಮ ಕೈಯಲ್ಲಿಲ್ಲ, ಹಾಗಾಗಿ ಇಲ್ಲಿನ ಲೆಕ್ಕದಲ್ಲಿ ಬಿಟ್ಟಿದ್ದೇನೆ. ನಿಮ್ಮ ಬಿಲ್ಲಿನ ಮೇಲೆ ಆಯಾ ವರ್ಷದ ದರ ಅಚ್ಚಾಗಿರುತ್ತದೆ, ಅದನ್ನೇ ಹಿಡಿದು ಲೆಕ್ಕ ಮಾಡಿಕೊಳ್ಳಿ.

ನಿಂತ ರೊಕ್ಕ ಇಳಿಸುವುದು

ಬಿಲ್ಲಿನಲ್ಲಿ ಮಂಜೂರಾದ ಲೋಡು ಎಷ್ಟು ಕಿಲೋವ್ಯಾಟ್ ಇದೆ ನೋಡಿ. ಮನೆ ಕಟ್ಟಿಸುವಾಗ ವೈರಿಂಗ್ ಮಾಡಿದವರು 'ಇರಲಿ ಬಿಡ್ರಿ ಅಣ್ಣಾರ, ಮುಂದ ಬೇಕಾಗ್ತದ' ಎಂದು 5 ಕಿಲೋವ್ಯಾಟ್ ಬರೆಸಿರುತ್ತಾರೆ. ಆ ಮುಂದಿನ ದಿನ ಬಂದೇ ಇರುವುದಿಲ್ಲ. 3 ಸಾಕಾಗುವ ಮನೆಗೆ 5 ಇದ್ದರೆ ತಿಂಗಳಿಗೆ 290, ವರ್ಷಕ್ಕೆ 3480 ರೂಪಾಯಿ ಸುಮ್ಮನೆ ಹೋಯಿತು.

ಎಷ್ಟು ಬೇಕು ಎಂದು ತಿಳಿಯುವುದು ಕಷ್ಟವಲ್ಲ. ಒಂದೇ ಹೊತ್ತಿಗೆ ಓಡುವ ಸಾಮಾನುಗಳನ್ನು ಮಾತ್ರ ಕೂಡಿಸಬೇಕು, ಮನೆಯಲ್ಲಿರುವ ಎಲ್ಲವನ್ನೂ ಅಲ್ಲ. ಫ್ರಿಜ್ಜು ಸುಮಾರು 150 ವ್ಯಾಟ್, ಹಳೇ ಫ್ಯಾನು 75, ಎಲ್‌ಇಡಿ ಬಲ್ಬು 9. ಇವೆಲ್ಲ ಚಿಲ್ಲರೆ. ಭಾರ ಇರುವುದು ನೀರು ಕಾಸುವ ಕಾಯಿಲ್ (1000ದಿಂದ 1500), ಗೀಸರ್ (2000), ಇಸ್ತ್ರಿ (1000), ಟಾಕಿಗೆ ನೀರೇರಿಸುವ ಒಂದು ಎಚ್.ಪಿ. ಮೋಟರು (ಸುಮಾರು 750), ಮಿಕ್ಸಿ (500ರಿಂದ 750) ಇವುಗಳಲ್ಲಿ. ಬೆಳಿಗ್ಗೆ ಗೀಸರ್ ಹಾಕಿ, ಮೋಟರು ಬಿಟ್ಟು, ಮಿಕ್ಸಿ ತಿರುವಿ, ಹುಡುಗರ ಅಂಗಿಗೆ ಇಸ್ತ್ರಿ ಹಚ್ಚಿದರೆ ನಾಲ್ಕು ಕಿಲೋವ್ಯಾಟ್ ದಾಟುತ್ತದೆ. ಇವೇ ಕೆಲಸಗಳನ್ನು ಒಂದರ ಹಿಂದೆ ಒಂದು ಮಾಡಿದರೆ ಎರಡೂವರೆಯಲ್ಲಿ ಮುಗಿಯುತ್ತದೆ. ಯೂನಿಟ್ಟು ಎರಡರಲ್ಲೂ ಅಷ್ಟೇ, ಲೋಡು ಮಾತ್ರ ಬೇರೆ. ಎಲೆಕ್ಟ್ರಾನಿಕ್ ಮೀಟರು ತಿಂಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬಂದ ಲೋಡನ್ನು ಬರೆದಿಟ್ಟುಕೊಳ್ಳುತ್ತದೆ. ಒಂದು ವರ್ಷದ ಬಿಲ್ಲುಗಳನ್ನು ಮುಂದಿಟ್ಟುಕೊಂಡು ನೋಡಿ, ಬೇಸಿಗೆಯ ತಿಂಗಳಲ್ಲೂ ಅದು ಮಂಜೂರಾದ ಲೋಡಿಗಿಂತ ಬಹಳ ಕೆಳಗಿದ್ದರೆ ಉಪವಿಭಾಗದ ಕಚೇರಿಯಲ್ಲಿ ಲೋಡು ಇಳಿಸಲು ಅರ್ಜಿ ಕೊಡಬಹುದು. ತೀರ ಬಿಗಿ ಮಾಡಬೇಡಿ. ಮಂಜೂರಾತಿ ದಾಟಿದರೆ ದಂಡ ಉಂಟು. ಮನೆಯಲ್ಲಿ ಮದುವೆ ಇದ್ದರೆ, ಹಿಟ್ಟಿನ ಗಿರಣಿ ಕೊಳ್ಳುವ ವಿಚಾರ ಇದ್ದರೆ ತಡೆಯಿರಿ.

ಇನ್ನೂರರ ಒಡ್ಡು

'ನಮ್ಮದು ಸೊನ್ನೆ ಬಿಲ್ಲು, ನಮಗೆ ಇದೆಲ್ಲ ಯಾಕೆ' ಎನ್ನುವವರೇ ಈ ಭಾಗವನ್ನು ಎರಡು ಸಲ ಓದಬೇಕು. 2023ರ ಆಗಸ್ಟಿನಿಂದ ಸಿಗತೊಡಗಿದ ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ಟು ಪುಕ್ಕಟೆ ಎಂದು ತಿಳಿದವರು ಇನ್ನೂ ಇದ್ದಾರೆ. ಹಾಗಲ್ಲ. 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿದ್ದಿರೋ ಅದರ ಮೇಲೆ ಶೇ. 10 ಸೇರಿಸಿ ನಿಮ್ಮ ಹಕ್ಕಿನ ಯೂನಿಟ್ಟು ಗೊತ್ತು ಮಾಡಿದ್ದು. 48 ಯೂನಿಟ್ಟಿಗಿಂತ ಕಡಿಮೆ ಇದ್ದವರಿಗೆ 2024ರ ಜನವರಿಯ ತೀರ್ಮಾನದಂತೆ ಶೇ. 10ರ ಬದಲು 10 ಯೂನಿಟ್ಟು ಸೇರಿಸಿದರು. ಮಿತವಾಗಿ ಸುಟ್ಟವನಿಗೆ ಮಿತ, ಧಾರಾಳಿಗೆ ಧಾರಾಳ! ದೀಪ ಆರಿಸಿ ಆರಿಸಿ ಉಳಿಸಿದ ಅಜ್ಜಿಗೆ ಇದರಲ್ಲಿ ನ್ಯಾಯ ಸಿಕ್ಕಿಲ್ಲ ಎಂದೇ ನನ್ನ ಮತ.

ಹಕ್ಕಿನ ಒಳಗಿದ್ದರೆ ಸೊನ್ನೆ ಬಿಲ್ಲು. ಹಕ್ಕು ದಾಟಿ 200ರ ಒಳಗಿದ್ದರೆ ದಾಟಿದ ಯೂನಿಟ್ಟಿನ ಹಣ ಮಾತ್ರ. 200 ದಾಟಿದರೆ ಪೂರ್ತಿ ಬಿಲ್ಲು, ಮೊದಲನೇ ಯೂನಿಟ್ಟಿನಿಂದ, ನಿಂತ ರೊಕ್ಕದ ಸಮೇತ.

ಪಟ್ಟಣದ ಒಂದು ಮನೆ ಹಿಡಿಯೋಣ. 2 ಕಿಲೋವ್ಯಾಟ್ ಲೋಡು, ಹಕ್ಕು 150 ಯೂನಿಟ್ಟು. ಮಾರ್ಚ್ ತಿಂಗಳಲ್ಲಿ 195 ಸುಟ್ಟರು. 45 ಯೂನಿಟ್ಟಿಗೆ 2025-26ರ ದರದಲ್ಲಿ ಸುಮಾರು 300 ರೂಪಾಯಿ. ಏಪ್ರಿಲ್‌ನಲ್ಲಿ ಸೆಕೆ, ಕೂಲರ್ ಇನ್ನೊಂದು ತಾಸು ಜಾಸ್ತಿ ಓಡಿತು, 205 ಆಯಿತು. ಬಿಲ್ಲು ಎಷ್ಟು? ನಿಂತ ರೊಕ್ಕ 290, ಯೂನಿಟ್ಟಿನದು 1189, ಪಿಂಚಣಿ ಬಾಬ್ತು 74, ತೆರಿಗೆ 107, ಒಟ್ಟು 1660. ಹತ್ತೇ ಹತ್ತು ಯೂನಿಟ್ಟಿಗೆ 1360 ರೂಪಾಯಿ! ಒಂದು ಆಳಿನ ಮೂರ್ನಾಲ್ಕು ದಿನದ ಕೂಲಿ. ಹೊಲದ ಒಡ್ಡಿನಂತೆ ಇದು. ನೀರು ಒಡ್ಡಿನ ಅಂಚಿನವರೆಗೆ ನಿಂತರೆ ಚಿಂತೆಯಿಲ್ಲ, ಬೆರಳಗಲ ದಾಟಿದರೆ ಒಡ್ಡೇ ಹೋಯಿತು.

ಹಾಗಾಗಿ 200ರ ಹತ್ತಿರ ಇರುವ ಮನೆಯವರು ಬಿಲ್ಲು ಬರುವ ತನಕ ಕಾಯಬಾರದು. ರೀಡಿಂಗ್ ಆದ ದಿನ ಮೀಟರಿನ ಅಂಕಿಯನ್ನು ಕ್ಯಾಲೆಂಡರಿನ ಮೇಲೆ ಬರೆಯಿರಿ. ಹತ್ತನೇ ದಿನ, ಇಪ್ಪತ್ತನೇ ದಿನ ಮತ್ತೆ ಬರೆಯಿರಿ. ಇಪ್ಪತ್ತು ದಿನಕ್ಕೆ 130 ದಾಟಿದ್ದರೆ ಉಳಿದ ಹತ್ತು ದಿನ ಕೈ ಬಿಗಿ ಹಿಡಿಯಬೇಕು. ಎಲ್ಲಿ ಹಿಡಿಯುವುದು? ಬಲ್ಬು ಆರಿಸಿ ಪ್ರಯೋಜನ ಇಲ್ಲ. 9 ವ್ಯಾಟಿನ ಬಲ್ಬು ದಿನಕ್ಕೆ ಐದು ತಾಸು ಉರಿದರೂ ತಿಂಗಳಿಗೆ ಒಂದೂವರೆ ಯೂನಿಟ್ಟೂ ಆಗುವುದಿಲ್ಲ. ಹಿಡಿಯಬೇಕಾದ್ದು ಬಚ್ಚಲಲ್ಲಿ. 2000 ವ್ಯಾಟಿನ ಗೀಸರ್ ದಿನಕ್ಕೆ ಮುಕ್ಕಾಲು ತಾಸು ಓಡಿದರೆ ತಿಂಗಳಿಗೆ 45 ಯೂನಿಟ್ಟು. ನಮ್ಮ ಜಿಲ್ಲೆಯಲ್ಲಿ ಗೋವಿನಜೋಳ ಬೆಳೆಯದ ಊರಿಲ್ಲ. ಕಾಳು ಬಿಡಿಸಿದ ಬೆಂಡು ಕಣದಲ್ಲಿ ಬಿದ್ದಿರುತ್ತದೆ, ಹತ್ತಿಕಟ್ಟಿಗೆಯೂ ಇರುತ್ತದೆ. ಬಚ್ಚಲ ಒಲೆ ಕಿತ್ತು ಹಾಕದೆ ಇಟ್ಟುಕೊಂಡ ಮನೆಯವರು ಆ 45 ಯೂನಿಟ್ಟಿನ ಗೊಡವೆಗೇ ಹೋಗುವುದಿಲ್ಲ. ಹೊಗೆಯ ತ್ರಾಸು ಹೆಂಗಸರಿಗೆ ಎನ್ನುವುದೂ ಖರೇ, ಚಿಮಣಿ ಇಡಿಸಬೇಕು.

ನಿಂತ ದರದ ಒಳಗುಟ್ಟು

ಕಾಯಂ ದರವೇ ಛಲೋ, ತಿಂಗಳಿಗಿಷ್ಟು ಕೊಟ್ಟು ಬೇಕಾದಷ್ಟು ಸುಡಬಹುದಲ್ಲ ಎನ್ನುವವರಿಗೆ ನಮ್ಮ ಪಂಪ್‌ಸೆಟ್ಟುಗಳೇ ಉತ್ತರ. 1980ರ ದಶಕದಲ್ಲಿ ಪಂಪ್‌ಸೆಟ್ಟುಗಳಿಗೆ ಯೂನಿಟ್ಟಿನ ಲೆಕ್ಕ ಬಿಟ್ಟು ಎಚ್.ಪಿ. ಲೆಕ್ಕ ತಂದರು. ಬಂಗಾರಪ್ಪನವರು ಮುಖ್ಯಮಂತ್ರಿಯಾಗಿದ್ದಾಗ 10 ಎಚ್.ಪಿ. ತನಕ ಪುಕ್ಕಟೆ ಆಯಿತು, ನಡುವೆ ಮತ್ತೆ ದರ ಬಂತು, 2008ರಲ್ಲಿ ಮತ್ತೆ ಪುಕ್ಕಟೆ. ರೈತನಿಗೆ ಇದರಿಂದ ಜೀವ ಉಳಿದಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಯೂನಿಟ್ಟಿಗೆ ಬೆಲೆ ಇಲ್ಲದ ಕಡೆ ಕೊಡುವವನು ತಾಸಿನ ಮೇಲೆ ಮಿತಿ ಹಾಕುತ್ತಾನೆ. ಮೂರು ಫೇಸು ಏಳು ತಾಸು, ಅದೂ ನಡುರಾತ್ರಿ ಬಂದರೆ ನಡುರಾತ್ರಿ. ನಾವು ಆಟೋ ಸ್ಟಾರ್ಟರ್ ಕೂಡಿಸಿ ಮಲಗುತ್ತೇವೆ. ಎಲ್ಲರ ಮೋಟರೂ ಒಟ್ಟಿಗೇ ಎದ್ದು ವೋಲ್ಟೇಜು ಕುಸಿದು ವೈಂಡಿಂಗ್ ಸುಡುತ್ತದೆ. ಬಿಲ್ಲಿನಲ್ಲಿ ಉಳಿದದ್ದು ವೈಂಡಿಂಗ್ ಅಂಗಡಿಗೂ, ಇನ್ನೂ ಆಳಕ್ಕೆ ಇಳಿಸುವ ಬೋರಿಗೂ ಹೋಗುತ್ತದೆ.

ತೋಟದ ಮನೆಯವರಿಗೆ ಇಲ್ಲೇ ಒಂದು ಎಚ್ಚರಿಕೆ. ಪಂಪ್‌ಸೆಟ್ಟಿನ ಪುಕ್ಕಟೆ ಕರೆಂಟಿನಿಂದ ಮನೆಗೆ ವೈರು ಎಳೆದುಕೊಳ್ಳುವುದು ರೂಢಿಯಾಗಿದೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಕಲಮಿನಂತೆ ಇದು ಅನಧಿಕೃತ ಬಳಕೆ. ಅನ್ವಯವಾಗುವ ದರದ ಎರಡು ಪಟ್ಟು ಹಾಕುತ್ತಾರೆ, ಎಂದಿನಿಂದ ಎಳೆದದ್ದು ಎಂದು ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೆ. ಮನೆಗೆ ಬೇರೆ ಮೀಟರು ತೆಗೆದುಕೊಳ್ಳುವುದೇ ಅಗ್ಗ.

ಸೋಲಾರು, ಮತ್ತು ಹೊತ್ತಿನ ದರ

ಮನೆಯ ಮಟ್ಟಿಗೆ ನಿಜವಾದ ಕಾಯಂ ದರ ಬೇಕೆಂದರೆ ಇರುವುದು ಮಾಳಿಗೆಯ ಸೋಲಾರ್. ಮುಂದಿನ ವರ್ಷಗಳ ಕರೆಂಟಿನ ಹಣವನ್ನು ಇವತ್ತೇ ಒಂದೇ ಗಂಟಿನಲ್ಲಿ ಕಟ್ಟಿದಂತೆ. 2024ರ ಫೆಬ್ರುವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರಕ್ಕೆ 78,000 ರೂಪಾಯಿ ಸಹಾಯಧನ ಇಟ್ಟರು. ಒಂದು ಕಿಲೋವ್ಯಾಟ್ ದಿನಕ್ಕೆ ಸುಮಾರು 4 ಯೂನಿಟ್ಟು, ತಿಂಗಳಿಗೆ 120 ಕೊಡುತ್ತದೆ. ಮೇಲಿನ ದರದಲ್ಲಿ ತಿಂಗಳಿಗೆ 800 ರೂಪಾಯಿ ಆಯಿತು. ತಿಂಗಳಿಗೆ 300, 400 ಯೂನಿಟ್ಟು ಸುಡುವ ದೊಡ್ಡ ಮನೆಗೆ ಲೆಕ್ಕ ಕೂಡುತ್ತದೆ. ಸೊನ್ನೆ ಬಿಲ್ಲಿನ ಮನೆಯವರು ಸಾಲ ಮಾಡಿ ಹಾಕಿಸಿದರೆ ಉಳಿಯುವುದು ಬಡ್ಡಿ ಮಾತ್ರ. ಮಾರಾಟ ಮಾಡುವವರು ಇದನ್ನು ಹೇಳುವುದಿಲ್ಲ.

ಇನ್ನೊಂದು ಬದಲಾಗುವ ದರ ಬಾಗಿಲಲ್ಲಿ ನಿಂತಿದೆ. ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ಗ್ರಾಹಕರ ಹಕ್ಕಿನ ನಿಯಮಗಳನ್ನು ತಿದ್ದಿತು. ಸ್ಮಾರ್ಟ್ ಮೀಟರು ಬಂದ ಮನೆಗಳಿಗೆ ಹೊತ್ತಿಗೆ ತಕ್ಕ ದರ ಇರಬೇಕು, ಬಿಸಿಲಿನ ಎಂಟು ತಾಸು ಕನಿಷ್ಠ ಶೇ. 20 ಕಡಿಮೆ, ಬೇಡಿಕೆ ಹೆಚ್ಚಿರುವ ಹೊತ್ತು ಕನಿಷ್ಠ ಶೇ. 10 ಹೆಚ್ಚು ಎಂದು ಅದರಲ್ಲಿದೆ. ಕೃಷಿ ಪಂಪ್‌ಸೆಟ್ಟು ಇದರ ಹೊರಗೆ. ಆ ದರ ನಿಮ್ಮ ಮನೆಗೆ ಬಂದ ದಿನ ಕೇಳಿಕೊಳ್ಳಬೇಕಾದ್ದು ಒಂದೇ: ಯಾವ ಕೆಲಸವನ್ನು ಹಗಲಿಗೆ ಸರಿಸಬಹುದು? ಟಾಕಿಗೆ ನೀರೇರಿಸುವುದು, ದೋಸೆಗೆ ರುಬ್ಬುವುದು, ಇಸ್ತ್ರಿ, ಹಿಟ್ಟಿನ ಗಿರಣಿ ಇವೆಲ್ಲ ಸರಿಯುತ್ತವೆ. ಹೊಲಕ್ಕೆ ಹೋಗುವವರ ಮನೆಯಲ್ಲಿ ಮಧ್ಯಾಹ್ನ ಯಾರೂ ಇರುವುದಿಲ್ಲವಾದ್ದರಿಂದ ಮೋಟರಿಗೆ ಒಂದು ಟೈಮರು ಕೂಡಿಸಿಕೊಳ್ಳಬೇಕಾದೀತು. ಫ್ರಿಜ್ಜು ಹಗಲೂ ರಾತ್ರಿಯೂ ಓಡುತ್ತದೆ, ಅದರ ಲೆಕ್ಕ ಸಮ ಸಮ. ಏಪ್ರಿಲ್‌ನ ರಾತ್ರಿ ಓಡುವ ಫ್ಯಾನನ್ನಂತೂ ಹಗಲಿಗೆ ಸರಿಸಲು ಬರುವುದಿಲ್ಲ.