ಪಿಕಪ್ಪಿನ ತಗಡು, ಮಲೆನಾಡಿನ ಮಳೆ

ಹೊಸ ಪಿಕಪ್ ಅಂಗಳಕ್ಕೆ ಬಂದು ನಿಂತರೆ ನಮ್ಮ ಕಡೆ ಜನ ಮೊದಲು ಬಾನೆಟ್ಟನ್ನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತಾರೆ. ಅದು ಡಬಕ್ಕೆಂದು ತಗ್ಗಿ ಮತ್ತೆ ಮೇಲೆದ್ದಿತೋ, ತೀರ್ಪು ಹೊರಬಿತ್ತು: 'ತಗಡು ಮಾರಾಯ್ರೇ, ಪೂರಾ ತಗಡು. ಆಗಿನ ಜೀಪಿನ ಗಟ್ಟಿ ಇದಕ್ಕೆಲ್ಲಿಂದ ಬರ್ಬೇಕು!' ಸಾಗರ ಸೀಮೆಯಲ್ಲಿ ಅಡಿಕೆ, ಗೊಬ್ಬರ, ಸಿಮೆಂಟು, ಬಾಳೆಗೊನೆ ಹೇರಿಕೊಂಡು ವರ್ಷಗಟ್ಟಲೆ ಪಿಕಪ್ ಓಡಿಸಿದವನು ನಾನು. ಹೆಬ್ಬೆರಳ ಪರೀಕ್ಷೆ ಸುಳ್ಳೇನೂ ಹೇಳುವುದಿಲ್ಲ, ಆದರೆ ಗಾಡಿ ಎಷ್ಟು ಕಾಲ ಬಾಳುತ್ತದೆ ಅನ್ನುವುದಕ್ಕೂ ಅದಕ್ಕೂ ಸಂಬಂಧ ಕಡಿಮೆ.

ತೆಳುವಾಗಿರುವುದಂತೂ ಹೌದು. ನನ್ನ ಗಾಡಿಯ ಡೋರು ಬದಲಾಯಿಸುವಾಗ ಟಿಂಕರಿಂಗ್ ಶೆಡ್ಡಿನಲ್ಲಿ ಹಳೇ ಡೋರಿನದೊಂದು ತುಂಡು ಕತ್ತರಿಸಿ, ಬಣ್ಣ ಕೆರೆದು, ಸ್ಕ್ರೂ ಗೇಜಿನಲ್ಲಿಟ್ಟು ನೋಡಿದೆವು. 0.7 ಮಿಲಿಮೀಟರ್. ಮೂಲೆಯಲ್ಲಿ ಬಿದ್ದಿದ್ದ ಹಳೇ ಜೀಪಿನ ಮಡ್‌ಗಾರ್ಡ್ 1.2 ತೋರಿಸಿತು, ಟಿಂಕರ್‌ಗಳ ಲೆಕ್ಕದಲ್ಲಿ 18 ಗೇಜು. (ಗೇಜಿನ ಸಂಖ್ಯೆ ಏರಿದಷ್ಟೂ ತಗಡು ತೆಳು. 22 ಗೇಜು ಎಂದರೆ ಹೆಚ್ಚು ಗಟ್ಟಿ ಎಂದುಕೊಂಡು ದುಡ್ಡು ಕೊಟ್ಟವರೂ ಇದ್ದಾರೆ.) ತಗಡಿನ ಬಿಗಿ ಅದರ ದಪ್ಪದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. ಹಾಗಾಗಿ 1.2ರಿಂದ 0.7ಕ್ಕೆ ಬಂದರೆ ಉಳಿಯುವ ಬಿಗಿ ಸುಮಾರು ಐದನೇ ಒಂದು ಪಾಲು. ಹೆಬ್ಬೆರಳಿಗೆ ತಿಳಿಯುವುದು ಇಷ್ಟೇ.

ಉಕ್ಕಿನ ಜಾತಿ ಅದಕ್ಕೆ ತಿಳಿಯುವುದಿಲ್ಲ. ಈಗಿನ ಹೊರಮೈ ತಗಡುಗಳಲ್ಲಿ ಒಂದು ಬಗೆಯದು, ಕಾರ್ಖಾನೆಯಲ್ಲಿ ಪೇಂಟ್ ಒಣಗಿಸುವ ಒಲೆಯಲ್ಲಿ ಸುಮಾರು 170 ಡಿಗ್ರಿ ಶಾಖಕ್ಕೆ ಇನ್ನಷ್ಟು ಗಡಸಾಗುತ್ತದೆ. ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಎದ್ದು ಬರುತ್ತದೆ. ಹಳೇ ಮೆತ್ತನೆ ಉಕ್ಕು ಸುಲಭಕ್ಕೆ ತಗ್ಗುತ್ತಿರಲಿಲ್ಲ ನಿಜ, ತಗ್ಗಿದರೆ ಅಲ್ಲೇ ಕೂತುಬಿಡುತ್ತಿತ್ತು. ಇನ್ನು ಆಗಿನ ಜೀಪಿಗೆ ತುಕ್ಕು ಹಿಡಿಯುತ್ತಲೇ ಇರಲಿಲ್ಲ ಎನ್ನುವುದು ಉಳಿದುಕೊಂಡ ನಾಲ್ಕು ಜೀಪು ನೋಡಿ ಆಡುವ ಮಾತು. ಉಳಿಯದೆ ಹೋದವು ಗುಜರಿ ಸೇರಿ ಎಷ್ಟೋ ಕಾಲವಾಯಿತು.

ತೂಕ ಇಳಿಸಲು ತಗಡು ತೆಳು ಮಾಡುತ್ತಾರೆ ಎನ್ನುತ್ತಾರಲ್ಲ, ಆ ಲೆಕ್ಕವನ್ನೂ ಹಾಕಿದೆ. ಒಂದು ಚದರ ಮೀಟರ್ ಉಕ್ಕು 1 ಮಿಲಿಮೀಟರ್ ದಪ್ಪವಿದ್ದರೆ 7.85 ಕಿಲೋ. ಗಾಡಿಗೆ ಸುಮಾರು 15 ಚದರ ಮೀಟರ್ ತಗಡು ಹಿಡಿಯಿರಿ, ದಪ್ಪದಲ್ಲಿ 0.3 ಮಿಲಿಮೀಟರ್ ಕಡಿಮೆ ಮಾಡಿದರೆ ತೂಕದಲ್ಲಿ ಉಳಿತಾಯವಾಗುವುದು 35 ಕಿಲೋ. 45 ಕಿಲೋದ ಒಂದು ಯೂರಿಯಾ ಚೀಲಕ್ಕಿಂತ ಕಡಿಮೆ. ಓಡಿಸುವ ನನಗೆ ಅದೊಂದು ದೊಡ್ಡದಲ್ಲ, ಲಕ್ಷಗಟ್ಟಲೆ ಗಾಡಿ ಮಾಡುವವನಿಗೆ ದೊಡ್ಡದೇ.

ಈ ಜಗಳ ನಮ್ಮದು ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಫೋರ್ಡ್ ಕಂಪನಿ 2015ರ ಮಾದರಿಯ ಎಫ್-150ಗೆ ಅಲ್ಯೂಮಿನಿಯಂ ಬಾಡಿ ಕೊಟ್ಟು 700 ಪೌಂಡ್‌ವರೆಗೆ, ಅಂದರೆ 300 ಕಿಲೋಗೂ ಮೇಲೆ, ತೂಕ ಇಳಿಸಿತು. ಮರುವರ್ಷ ಎದುರಾಳಿ ಷೆವರ್ಲೆ ಒಂದು ಜಾಹೀರಾತು ಮಾಡಿ ಎರಡೂ ಗಾಡಿಗಳ ಹಿಂಬದಿಗೆ ಕಲ್ಲಿನ ಇಟ್ಟಿಗೆ ಸುರಿದು ತೋರಿಸಿತು: ಅಲ್ಯೂಮಿನಿಯಂ ತೂತಾಯಿತು, ಉಕ್ಕು ನೆಗ್ಗಿತು. ಅದೇ ಷೆವರ್ಲೆ ಮುಂದೆ 2019ರ ಮಾದರಿಯಲ್ಲಿ ತನ್ನ ಪಿಕಪ್ಪಿನ ಬಾನೆಟ್ಟು, ಡೋರುಗಳನ್ನು ಅಲ್ಯೂಮಿನಿಯಂನಲ್ಲೇ ಮಾಡಿತು. ಹಿಂಬದಿಯ ತೊಟ್ಟಿಯನ್ನು ಉಕ್ಕಿನಲ್ಲೇ ಉಳಿಸಿಕೊಂಡಿತು. ನನ್ನ ಅನುಭವವೂ ಅದನ್ನೇ ಹೇಳುತ್ತದೆ. ಬಾನೆಟ್ಟು, ಡೋರು ತೆಳುವಿದ್ದರೆ ಏನೂ ಹೋಗದು. ಭಾರ ಹೊರುವುದು ಚಾಸಿ. ಆದರೆ ಮಾಲು ಬೀಳುವ ನೆಲ, ಚೀಲ ಎಳೆಯುವ ಹಿಂದಿನ ಡೋರು ಬೇರೆ ಮಾತು. ಅಲ್ಲಿ ಉಳಿತಾಯ ಮಾಡಬಾರದು, ಮಾಡುತ್ತಿದ್ದಾರೆ.

ನಮ್ಮಲ್ಲಿ ಪಿಕಪ್ಪನ್ನು ತಿನ್ನುವುದು ಏಟಿಗಿಂತ ಹೆಚ್ಚಾಗಿ ನೀರು. ಡೋರನ್ನೇ ನೋಡಿ. ಗಾಜಿಗೂ ರಬ್ಬರಿಗೂ ನಡುವೆ ಇಳಿದ ಮಳೆನೀರು ಡೋರಿನ ಒಳಗೆ ಹೋಗಿ ತಳದಲ್ಲಿರುವ ಸಣ್ಣ ತೂತುಗಳಿಂದ ಹೊರಬೀಳಬೇಕು. ಕೆಮ್ಮಣ್ಣಿನ ರಾಡಿ, ಅಡಿಕೆಯ ಧೂಳು ಆ ತೂತಿನಲ್ಲಿ ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ಹೊರಗಿನ ಬಣ್ಣ ಪಳಪಳ ಎನ್ನುತ್ತಿರುವಾಗಲೇ ತಗಡನ್ನು ಮಡಚಿದ ಅಂಚಿನೊಳಗೆ ತುಕ್ಕು ಕೆಲಸ ಶುರು ಮಾಡಿರುತ್ತದೆ. ಆಮೇಲೆ ಒಂದು ದಿನ ಬಣ್ಣದ ಮೇಲೆ ಕಡಲೆಕಾಳಿನಷ್ಟು ಗುಳ್ಳೆ. ಉಗುರಿಂದ ಕೆರೆದರೆ ಬೆರಳೇ ಒಳಗೆ ಹೋಗುತ್ತದೆ. ಮಳೆಗಾಲಕ್ಕೆ ಮುಂಚೆ ಸೈಕಲ್ ಕಡ್ಡಿಯಿಂದ ಈ ತೂತುಗಳನ್ನು ಬಿಡಿಸಿಕೊಳ್ಳುವುದಕ್ಕೆ ಅರ್ಧ ಗಂಟೆ ಸಾಕು. ಈ ತೂತು ಇದೆ ಎಂದೇ ಬಹಳ ಮಂದಿ ಡ್ರೈವರುಗಳಿಗೆ ಗೊತ್ತಿಲ್ಲ.

ಗಟ್ಟಿ ಮಾಡಿಸುವ ಹುಚ್ಚು ಇನ್ನೊಂದು. ಹೊಸ ಗಾಡಿ ಬಂದ ವಾರಕ್ಕೇ ನೆಲಕ್ಕೆ 3 ಮಿಲಿಮೀಟರಿನ ಚೆಕ್ಕರ್ ಪ್ಲೇಟು ಹಾಸಿ ವೆಲ್ಡ್ ಮಾಡಿಸುತ್ತಾರೆ. ಒಂಬತ್ತು ಅಡಿ ಉದ್ದದ ಬಾಡಿಗೆ ಅದರ ತೂಕವೇ 100 ಕಿಲೋ ದಾಟುತ್ತದೆ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕ ಏರುವುದಿಲ್ಲವಲ್ಲ, ಹಾಗಾಗಿ ಪ್ರತಿ ಟ್ರಿಪ್ಪಿಗೂ ಎರಡು ಚೀಲ ಗೊಬ್ಬರದ ಬಾಡಿಗೆ ಖೋತಾ. ಅದಕ್ಕಿಂತ ಕೆಟ್ಟದ್ದು ಎರಡು ತಗಡಿನ ನಡುವೆ ಸಿಕ್ಕಿಬೀಳುವ ನೀರು. ಪಕ್ಕದೂರಿನವರ ಗಾಡಿಯ ಪ್ಲೇಟನ್ನು ಕೆಲವು ಮಳೆಗಾಲ ಕಳೆದ ಮೇಲೆ ಎಬ್ಬಿಸುವಾಗ ನಾನೂ ಇದ್ದೆ. ಗ್ರೈಂಡರಿನಲ್ಲಿ ವೆಲ್ಡಿಂಗ್ ಕೊಯ್ದು, ಹಾರೆ ಕೊಟ್ಟು ಮೀಟಿದರೆ ಮೇಲಿನ ಪ್ಲೇಟು ಗಟ್ಟಿಮುಟ್ಟಾಗಿ ಎದ್ದಿತು. ಅಡಿಯ ಮೂಲ ನೆಲ ಸುಟ್ಟ ಹಪ್ಪಳದ ಹಾಗೆ ಪದರು ಪದರಾಗಿ ಉದುರಿ, ಕೆಳಗಿನ ರಸ್ತೆ ಕಂಡಿತು. 'ಪೊಟ್ಯಾಷ್ ಹೇರ್ತಿದ್ರಾ?' ಎಂದು ಟಿಂಕರ್ ಅಣ್ಣ ಕೇಳಿದ. ಹೇರುತ್ತಿದ್ದರು. ಪೊಟ್ಯಾಷ್ ಅನ್ನುವುದು ಪೊಟ್ಯಾಸಿಯಂ ಕ್ಲೋರೈಡ್, ಉಪ್ಪಿನ ಜಾತಿಯದೇ. ಕರಾವಳಿಯಲ್ಲಿ ಮೀನಿನ ಗಾಡಿಗೆ ಉಪ್ಪುನೀರು ಏನು ಮಾಡುತ್ತದೋ ಇಲ್ಲಿ ಚೀಲದಿಂದ ಸೋರಿದ ಗೊಬ್ಬರ ಅದನ್ನೇ ಮಾಡುತ್ತದೆ.

ನಾನು ನೆಲಕ್ಕೆ ಅಡಿಕೆ ದಬ್ಬೆ ಹಾಸುತ್ತೇನೆ. ತೋಟದಲ್ಲಿ ಬಿದ್ದ ಮರ ಸೀಳಿದರೆ ಸಿಗುತ್ತದೆ, ಹಗುರ, ಚೀಲ ಎಳೆದರೆ ತಗಡಿಗೆ ಗೀರು ಬೀಳುವುದಿಲ್ಲ. ಮುಖ್ಯವಾಗಿ, ಎತ್ತಿ ಬಿಸಿಲಿಗಿಡಬಹುದು. ಗೊಬ್ಬರ ಇಳಿಸಿದ ದಿನವೇ ಬರೀ ನೀರಿನಲ್ಲಿ ತೊಳೆದು, ಮೂತಿ ಮೇಲಾಗುವಂತೆ ಗಾಡಿಯನ್ನು ಏರಿನಲ್ಲಿ ನಿಲ್ಲಿಸಿ, ಹಿಂದಿನ ಡೋರು ತೆಗೆದಿಟ್ಟರೆ ನೀರು ತಾನಾಗಿ ಹರಿದುಹೋಗುತ್ತದೆ. ತುಕ್ಕು ತಡೆಯಲೆಂದು ಗಾಡಿಯ ಅಡಿಭಾಗಕ್ಕೆ ಸುಟ್ಟ ಆಯಿಲ್ ಹೊಡೆಸುವ ಪದ್ಧತಿಯೂ ಇದೆ. ರಬ್ಬರ್ ಬುಷ್‌ಗಳು ಉಬ್ಬಿ ಹಾಳಾಗುತ್ತವೆ, ನಾನು ಹೊಡೆಸುವುದಿಲ್ಲ.

ರಿಪೇರಿಯಲ್ಲಿ ಒಂದು ಎಚ್ಚರ ಬೇಕು. ತೆಳು ತಗಡಿಗೆ ಗ್ಯಾಸ್ ವೆಲ್ಡಿಂಗ್ ಹಿಡಿದರೆ ಸುತ್ತಲಿನದೆಲ್ಲ ಹಿಗ್ಗಿ ಅಲೆಅಲೆಯಾಗುತ್ತದೆ, ಆ ಅಲೆ ಮುಚ್ಚಲು ಪುಟ್ಟಿ ಮೆತ್ತುತ್ತಾರೆ, ಪುಟ್ಟಿ ಬಿರುಕು ಬಿಟ್ಟಲ್ಲಿ ಮತ್ತೆ ನೀರು. ಸಿಒಟು ವೆಲ್ಡಿಂಗ್ ಇರುವ ಶೆಡ್ಡು ಹುಡುಕಿ, ಚುಕ್ಕಿ ಚುಕ್ಕಿಯಾಗಿ ಬೆಸೆಯುತ್ತಾ, ನಡುನಡುವೆ ಆರಲು ಬಿಡುವವರ ಕೈಗೆ ಕೊಡಿ. ತಗಡಿಗೆ ತುಕ್ಕು ತಡೆಯುವ ಸತುವಿನ ಲೇಪವಿದ್ದರೆ ಬೆಸುಗೆಯ ಶಾಖಕ್ಕೆ ಅದು ಸುಟ್ಟುಹೋಗಿರುತ್ತದೆ, ಆದ್ದರಿಂದ ಒಳಮೈಗೂ ಪ್ರೈಮರ್ ಹೊಡೆಯಿರಿ ಎಂದು ಹೇಳಿ ಮಾಡಿಸಿಕೊಳ್ಳಬೇಕು. ಹೇಳದಿದ್ದರೆ ಕಣ್ಣಿಗೆ ಕಾಣದ ಜಾಗಕ್ಕೆ ಯಾರೂ ಬಣ್ಣ ಹೊಡೆಯುವುದಿಲ್ಲ.

ಭಾರೀ ಕಲ್ಲು, ಕಬ್ಬಿಣ ಹೇರುವವರಾದರೆ ಬಾಡಿ ಇಲ್ಲದ ಕ್ಯಾಬ್-ಚಾಸಿ ಮಾದರಿ ಕೊಂಡು, ಬಾಡಿ ಕಟ್ಟುವವರಲ್ಲಿ ಬೇಕಾದ ಗೇಜಿನಲ್ಲಿ ಕಟ್ಟಿಸಿ, ಆ ತೂಕವನ್ನೇ ಆರ್‌ಸಿಗೆ ಏರಿಸಿಕೊಳ್ಳುವುದು ವಾಸಿ. ಉಳಿದ ನಮ್ಮಂಥವರಿಗಾಗಿ ಕಂಪನಿಗಳವರಲ್ಲಿ ಒಂದು ಕೋರಿಕೆ: ಬಾನೆಟ್ಟು ಎಷ್ಟು ಬೇಕಾದರೂ ತೆಳು ಮಾಡಿಕೊಳ್ಳಿ. ನೆಲಕ್ಕೆ ಮತ್ತು ಹಿಂದಿನ ಡೋರಿಗೆ ದಪ್ಪ ತಗಡು ಹಾಕಿ, ಅದರ ದುಡ್ಡನ್ನು ಬಿಲ್ಲಿನಲ್ಲಿ ಬೇರೆಯಾಗಿಯೇ ತೋರಿಸಿ. ಕೊಡುತ್ತೇವೆ.