‘ದಿ ಡ್ರಮ್’ ಮತ್ತು ಮುಂಬಯಿಯ ಪ್ರೇಕ್ಷಕ: ಒಂದು ಯುದ್ಧಚಿತ್ರದ ನಿಷೇಧದ ಸುತ್ತ

ಕನ್ನಡ ವಾಕ್ಚಿತ್ರದ ಚರಿತ್ರೆ 1934ರ ‘ಸತಿ ಸುಲೋಚನ’ದಿಂದ ಆರಂಭವಾಗುತ್ತದೆ. ಕೊಲ್ಹಾಪುರದ ಸ್ಟುಡಿಯೋದಲ್ಲಿ ತಯಾರಾದ ಆ ಚಿತ್ರಕ್ಕೂ ಯುದ್ಧವೇ ಹಿನ್ನೆಲೆ. ಆದರೆ ಅದು ಪುರಾಣದ ಯುದ್ಧ. ಅದಾದ ನಾಲ್ಕೇ ವರ್ಷಗಳಲ್ಲಿ ಮೈಸೂರು ಸೀಮೆಯ ಕಾಡಂಚಿನ ಊರೊಂದರಲ್ಲಿ ಹುಟ್ಟಿದ ಬಾಲಕನೊಬ್ಬ, ಬ್ರಿಟನ್ನಿನಲ್ಲಿ ತಯಾರಾದ ವರ್ಣಮಯ ಯುದ್ಧಚಿತ್ರದ ಮುಖ್ಯ ಪಾತ್ರಧಾರಿಯಾಗಿ ಜಗತ್ತಿನ ತೆರೆಗಳ ಮೇಲೆ ಕಾಣಿಸಿಕೊಂಡನು. ಅದೇ ಚಿತ್ರ ಮುಂಬಯಿಗೆ ಬಂದಾಗ ಬೀದಿಯ ಪ್ರತಿಭಟನೆಗೆ ಗುರಿಯಾಗಿ ತೆರೆಯಿಂದ ಇಳಿಯಬೇಕಾಯಿತು. ಬಾಲಕ ಕಾರಾಪುರದ ಸಾಬು. ಚಿತ್ರ 1938ರ ‘ದಿ ಡ್ರಮ್’. ಸಾಬುವಿನ ಕಥೆಯನ್ನು ಕನ್ನಡದಲ್ಲಿ ಅಭಿಮಾನದ ಕಥೆಯಾಗಿಯೂ, ಚಿತ್ರದ ನಿಷೇಧವನ್ನು ಇಂಗ್ಲಿಷಿನ ಅಧ್ಯಯನಗಳಲ್ಲಿ ಸಾಮ್ರಾಜ್ಯಶಾಹಿಯ ಕಥೆಯಾಗಿಯೂ ಬೇರೆಬೇರೆಯಾಗಿ ಹೇಳಿಕೊಂಡು ಬರಲಾಗಿದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕಾದ ಹೊಣೆ ಮುಂಬಯಿಯ ಕನ್ನಡಿಗನದು. ಕೋಪರಖೈರಣೆಯಲ್ಲೋ ಡೊಂಬಿವಲಿಯಲ್ಲೋ ನೆಲೆಸಿ ಹಳೆಯ ಚಿತ್ರಗಳನ್ನು ಚರ್ಚಿಸುವ ಕನ್ನಡ ರಸಿಕನಿಗೆ ಸಾಬು ತನ್ನ ನಾಡಿನವನು. ಸಾಬುವಿನ ಚಿತ್ರವನ್ನು ಎದುರಿಸಿ ನಿಂತ ಪ್ರೇಕ್ಷಕ ತನ್ನ ನಗರದವನು. ಇವರಿಬ್ಬರಲ್ಲಿ ಯಾರ ಪಕ್ಷ ವಹಿಸಬೇಕೆಂಬುದು ಅವನಿಗೆ ಸುಲಭದ ಪ್ರಶ್ನೆಯಲ್ಲ.

ಸಾಬು ಹುಟ್ಟಿದ್ದು 1924ರಲ್ಲಿ. ತಂದೆ ಮೈಸೂರು ಮಹಾರಾಜರ ಆನೆಲಾಯದಲ್ಲಿ ಮಾವುತ. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗ ಆನೆಗಳ ನಡುವೆಯೇ ಬೆಳೆದನು. ಸಾಕ್ಷ್ಯಚಿತ್ರದ ಆದ್ಯರಲ್ಲಿ ಒಬ್ಬನೆನಿಸಿದ ರಾಬರ್ಟ್ ಫ್ಲಹರ್ಟಿ 1935ರಲ್ಲಿ ಕಿಪ್ಲಿಂಗನ ಆನೆಯ ಕಥೆಯೊಂದನ್ನು ಚಿತ್ರಿಸಲು ಮೈಸೂರಿಗೆ ಬಂದಾಗ, ಅವನ ಛಾಯಾಗ್ರಾಹಕ ಆಸ್ಮಂಡ್ ಬೊರಡೇಲನ ಕಣ್ಣಿಗೆ ಈ ಹುಡುಗ ಬಿದ್ದನು. ಅಲೆಗ್ಸಾಂಡರ್ ಕೋರ್ಡಾನ ಲಂಡನ್ ಫಿಲ್ಮ್ಸ್ ಸಂಸ್ಥೆ 1937ರಲ್ಲಿ ಬಿಡುಗಡೆ ಮಾಡಿದ ‘ಎಲಿಫೆಂಟ್ ಬಾಯ್’ ಅದೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಪಡೆಯಿತು. ಪ್ರಶಸ್ತಿ ಫ್ಲಹರ್ಟಿ ಮತ್ತು ಜೋಲ್ಟಾನ್ ಕೋರ್ಡಾ ಇಬ್ಬರಿಗೂ ಸೇರಿತು. ಪ್ರೇಕ್ಷಕರ ನೆನಪಿನಲ್ಲಿ ಉಳಿದದ್ದು ಮಾತ್ರ ಆನೆಯ ಮೇಲೆ ಕುಳಿತ ಹುಡುಗನೇ. ಕೋರ್ಡಾ ಸಹೋದರರು ಅವನನ್ನು ಬಿಡಲಿಲ್ಲ. ಮುಂದಿನ ಚಿತ್ರ ‘ದಿ ಡ್ರಮ್’ ಅವನಿಗಾಗಿಯೇ ಸಿದ್ಧವಾಯಿತು.

ಈ ಚಿತ್ರದ ಕಥೆಯನ್ನು ಕೊಂಚ ವಿವರವಾಗಿ ಗಮನಿಸಬೇಕು. ಮುಂಬಯಿಯ ಸಿಟ್ಟಿನ ಬೇರು ಅಲ್ಲಿದೆ. ಎ. ಇ. ಡಬ್ಲ್ಯು. ಮೇಸನ್ನನ ಕಥೆಯನ್ನಾಧರಿಸಿದ ಚಿತ್ರ ನಡೆಯುವುದು ವಾಯವ್ಯ ಗಡಿಯ ಟೋಕಾಟ್ ಎಂಬ ಕಲ್ಪಿತ ಸಂಸ್ಥಾನದಲ್ಲಿ. ಅಲ್ಲಿನ ದೊರೆ ಬ್ರಿಟಿಷರ ಸ್ನೇಹ ಬಯಸಿದವನು. ಅವನ ಸಹೋದರ ಘುಲ್ ಆತನನ್ನು ಕೊಲ್ಲಿಸಿ ಗದ್ದುಗೆ ಏರುತ್ತಾನೆ. ಬ್ರಿಟಿಷರ ವಿರುದ್ಧ ಗುಡ್ಡಗಾಡಿನ ಜನರನ್ನು ಎಬ್ಬಿಸಲು ಸಂಚು ಹೂಡುತ್ತಾನೆ. ಸತ್ತ ದೊರೆಯ ಮಗ ಅಜೀಮ್—ಇದೇ ಸಾಬುವಿನ ಪಾತ್ರ—ತಪ್ಪಿಸಿಕೊಂಡು ಅಲೆಯುತ್ತಾನೆ. ಅವನಿಗೆ ಬ್ರಿಟಿಷ್ ಪಡೆಯಲ್ಲಿ ಡ್ರಮ್ ಬಾರಿಸುವ ಹುಡುಗನೊಬ್ಬನ ಗೆಳೆತನವಿದೆ; ಆ ಗೆಳೆಯನಿಂದ ಡ್ರಮ್ ಬಾರಿಸುವುದನ್ನೂ ಅಪಾಯದ ಸಂಕೇತವನ್ನೂ ಕಲಿತಿದ್ದಾನೆ. ಔತಣಕ್ಕೆ ಕರೆದು ಬ್ರಿಟಿಷ್ ಅಧಿಕಾರಿ ಕ್ಯಾರಥರ್ಸ್‌ನನ್ನೂ ಅವನ ಸೈನಿಕರನ್ನೂ ಮುಗಿಸಲು ಘುಲ್ ಹೊಂಚು ಹಾಕಿದಾಗ, ಅಜೀಮ್ ಬಾರಿಸಿದ ಸಂಕೇತದಿಂದ ಅವರು ಎಚ್ಚರಗೊಳ್ಳುತ್ತಾರೆ. ಘುಲ್ ಸಾಯುತ್ತಾನೆ, ಬಾಲಕನಿಗೆ ಪಟ್ಟ ದೊರೆಯುತ್ತದೆ.

ಸಾಹಸಕಥೆಯಾಗಿ ಇದು ಬಿಗಿಯಾದ ಚಿತ್ರವೇ. ಟೆಕ್ನಿಕಲರ್ ಇನ್ನೂ ಹೊಸತಾಗಿದ್ದ ಕಾಲದಲ್ಲಿ ಚಿತ್ರಾಲಿನ ಬೆಟ್ಟಗಳನ್ನೂ ಸೈನಿಕರ ಕೆಂಪಂಗಿಗಳನ್ನೂ ತೆರೆಯ ಮೇಲೆ ಕಂಡವರು ಬೆರಗಾದುದು ಸಹಜ. ಇಂದಿಗೂ ಹಳೆಯ ಚಿತ್ರಗಳ ಅಭಿಮಾನಿಗಳು ಅದರ ಬಣ್ಣವನ್ನೂ ಖಳನಾಗಿ ನಟಿಸಿದ ರೇಮಂಡ್ ಮ್ಯಾಸಿಯ ಗತ್ತನ್ನೂ ಮೆಚ್ಚಿ ಮಾತನಾಡುತ್ತಾರೆ. ಆದರೆ ಕಥೆಯ ವಿನ್ಯಾಸದಲ್ಲಿ ಒಂದು ವಿಂಗಡಣೆ ಇದೆ. ಒಳ್ಳೆಯ ದೇಶೀಯ ಎಳೆಯ ಬಾಲಕ. ಕೆಟ್ಟ ದೇಶೀಯ ಪ್ರಾಯದ ಗಂಡಸು. ಬ್ರಿಟಿಷರ ಸ್ನೇಹಿತನಾದ ಹಿರಿಯ ದೊರೆಯನ್ನು ಕಥೆ ಕೊಂದುಹಾಕುತ್ತದೆ. ಕೊನೆಗೆ ಸಿಂಹಾಸನದ ಮೇಲೆ ಉಳಿಯುವವನು ಬ್ರಿಟಿಷ್ ಹುಡುಗ ಕಲಿಸಿದ ತಾಳವನ್ನು ತಪ್ಪದೆ ಬಾರಿಸಿದವನು. ತಾನಾಗಿ ಯೋಚಿಸಬಲ್ಲ, ರಾಜಕೀಯ ಹೂಡಬಲ್ಲ ಭಾರತೀಯನಿಗೆ ಈ ಚಿತ್ರದಲ್ಲಿ ದ್ರೋಹಿಯ ಪಾತ್ರವೊಂದೇ ಸಿಗುತ್ತದೆ. ಸಾಬುವಿನ ಮುಗ್ಧ ನಗು ಈ ವಿಂಗಡಣೆಯನ್ನು ಸಹ್ಯವಾಗಿಸುತ್ತದೆ. ಚಿತ್ರಕ್ಕೆ ಅವನು ಬೇಕಾಗಿದ್ದೂ ಅದಕ್ಕಾಗಿಯೇ.

ಚಿತ್ರ ಬಂದ ಕಾಲವನ್ನು ನೆನೆದರೆ ಇದರ ಇರಿತ ಇನ್ನಷ್ಟು ತಿಳಿಯುತ್ತದೆ. 1935ರ ಕಾಯ್ದೆಯಂತೆ ಚುನಾವಣೆಗಳು ನಡೆದು, 1937ರ ಜುಲೈಯಲ್ಲಿ ಮುಂಬಯಿ ಪ್ರಾಂತದಲ್ಲಿ ಬಿ. ಜಿ. ಖೇರ್ ಅವರ ಕಾಂಗ್ರೆಸ್ ಸರಕಾರ ಅಧಿಕಾರಕ್ಕೆ ಬಂದಿತ್ತು, ಕೆ. ಎಂ. ಮುನ್ಶಿ ಗೃಹಮಂತ್ರಿ. ಚಿತ್ರದ ಕಥಾಭೂಮಿಯಾದ ವಾಯವ್ಯ ಗಡಿ ಪ್ರಾಂತದಲ್ಲಿಯೇ ಅದೇ ವರ್ಷ ಡಾ. ಖಾನ್ ಸಾಹೇಬರ ಮಂತ್ರಿಮಂಡಲ ಬಂತು. ಅವರ ತಮ್ಮ ಖಾನ್ ಅಬ್ದುಲ್ ಗಫಾರ್ ಖಾನರ ಖುದಾಯಿ ಖಿದ್ಮತ್‌ಗಾರರು ಪಠಾಣರ ನಡುವೆ ಅಹಿಂಸೆಯ ಚಳವಳಿಯನ್ನೇ ಕಟ್ಟಿದ್ದರು. ಮತಗಟ್ಟೆಗೆ ಹೋಗಿ ತಮ್ಮ ಸರಕಾರವನ್ನು ಆರಿಸಿದ್ದ ಜನರಿಗೆ, ನೀವು ಮಗುವಾಗಿರಿ ಇಲ್ಲವೇ ಘುಲ್ ಆಗುವಿರಿ ಎಂದು ಆ ಚಿತ್ರ ಹೇಳಿದಂತಿತ್ತು. 1938ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಪ್ರದರ್ಶನ ಆರಂಭವಾದಾಗ ಚಿತ್ರಮಂದಿರದ ಮುಂದೆ ದಿನದಿನವೂ ಪ್ರತಿಭಟನೆಗಳು ನಡೆದವು. ಪೊಲೀಸರು ಲಾಠಿ ಬೀಸಿದರು. ಕೊನೆಗೆ ಚಿತ್ರವನ್ನು ಹಿಂದೆಗೆಯಲಾಯಿತು. ಗಡಿನಾಡಿನ ಮುಸ್ಲಿಮರನ್ನೂ ಒಟ್ಟಾರೆ ಭಾರತೀಯರನ್ನೂ ಹೀನವಾಗಿ ತೋರಿಸಲಾಗಿದೆ ಎಂಬುದು ಆಕ್ಷೇಪದ ತಿರುಳು. ಲಾಠಿ ಬೀಸಿದ ಪೊಲೀಸರು ಆ ಹೊತ್ತಿಗೆ ಕಾಂಗ್ರೆಸ್ ಗೃಹಮಂತ್ರಿಯ ಅಧೀನದಲ್ಲಿದ್ದರು ಎಂಬ ವಿಪರ್ಯಾಸವನ್ನು ಮರೆಯುವಂತಿಲ್ಲ.

ಇಲ್ಲಿ ಸೆನ್ಸಾರಿನ ಸ್ವರೂಪದ ಬಗೆಗೆ ಒಂದು ಮಾತು ಅಗತ್ಯ. 1918ರ ಸಿನೆಮಾಟೋಗ್ರಾಫ್ ಕಾಯ್ದೆಯ ಅನ್ವಯ 1920ರಲ್ಲಿ ಮುಂಬಯಿ, ಕಲ್ಕತ್ತ, ಮದ್ರಾಸು, ರಂಗೂನುಗಳಲ್ಲಿ ಪರಿಶೀಲನಾ ಮಂಡಳಿಗಳು ಸ್ಥಾಪನೆಗೊಂಡವು. ಮುಂಬಯಿಯ ಮಂಡಳಿಗೆ ಪೊಲೀಸ್ ಕಮಿಷನರರೇ ಅಧ್ಯಕ್ಷರು. ಅಂದರೆ ಸಿನೆಮಾ ಮೊದಲಿನಿಂದಲೂ ಶಾಂತಿಪಾಲನೆಯ ಇಲಾಖೆಗೆ ಸೇರಿದ ವಸ್ತು, ಕಲೆಯ ಇಲಾಖೆಗಲ್ಲ. 1921ರ ‘ಭಕ್ತ ವಿದುರ’ದಲ್ಲಿ ವಿದುರನ ವೇಷ ಗಾಂಧೀಜಿಯನ್ನು ನೆನಪಿಸಿತೆಂದು ಮದ್ರಾಸು, ಕರಾಚಿಗಳಲ್ಲಿ ಆ ಚಿತ್ರಕ್ಕೆ ತಡೆ ಬಿತ್ತು. ಅಂಥ ಯಂತ್ರವೇ 1938ರಲ್ಲಿ ಸಾಮ್ರಾಜ್ಯದ ಹೊಗಳಿಕೆಯ ಚಿತ್ರವನ್ನು ತಡೆಯುವ ಸಾಧನವಾಯಿತು. ಹಾಗೆಂದು ಯಂತ್ರದ ಸ್ವಭಾವ ಬದಲಾಯಿತೆಂದು ತಿಳಿಯಬಾರದು. ಚಿತ್ರ ಸುಳ್ಳು ಹೇಳುತ್ತದೆ ಎಂಬ ಪ್ರೇಕ್ಷಕನ ವಾದವನ್ನು ಅದು ಒಪ್ಪಲಿಲ್ಲ. ಚಿತ್ರಮಂದಿರದ ಮುಂದೆ ಗದ್ದಲವಾಗುತ್ತಿದೆ ಎಂಬುದನ್ನು ಮಾತ್ರ ದಾಖಲಿಸಿಕೊಂಡಿತು. ಹಿಂದೆ ಗಾಂಧಿಟೋಪಿಯಲ್ಲಿ ಕಂಡದ್ದೂ ಗದ್ದಲದ ಬೀಜವನ್ನೇ. ವಾದ ಗೆದ್ದಿತೆಂದು ಚಳವಳಿಗಾರರು ಭಾವಿಸಿರಬಹುದು, ಗೆದ್ದದ್ದು ಸದ್ದು.

ಈ ವ್ಯತ್ಯಾಸ ಎಷ್ಟು ಮುಖ್ಯವೆಂಬುದಕ್ಕೆ ಎಂಟು ವರ್ಷ ಹಿಂದಿನ ಬರ್ಲಿನ್ನಿನ ನಿದರ್ಶನವೊಂದಿದೆ. ರೆಮಾರ್ಕನ ಕಾದಂಬರಿಯಿಂದ ಅಮೆರಿಕದಲ್ಲಿ ತಯಾರಾದ ‘ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ಯುದ್ಧದ ಭೀಕರತೆಯನ್ನು ಜರ್ಮನ್ ಸೈನಿಕನ ಕಣ್ಣಿನಿಂದಲೇ ತೋರಿಸಿದ ಚಿತ್ರ. 1930ರ ಡಿಸೆಂಬರಿನಲ್ಲಿ ಅಲ್ಲಿ ಪ್ರದರ್ಶನವಾದಾಗ ಗೋಬೆಲ್ಸ್‌ನ ನೇತೃತ್ವದಲ್ಲಿ ನಾತ್ಸಿಗಳು ಚಿತ್ರಮಂದಿರದೊಳಗೆ ದುರ್ವಾಸನೆಯ ಗುಂಡುಗಳನ್ನು ಒಡೆದರು, ಬಿಳಿ ಇಲಿಗಳನ್ನು ಹರಿಯಬಿಟ್ಟರು. ಕೆಲವೇ ದಿನಗಳಲ್ಲಿ ಪರಿಶೀಲನಾ ಮಂಡಳಿ ಚಿತ್ರವನ್ನು ನಿಷೇಧಿಸಿತು. ಮುಂಬಯಿಯ ಪ್ರತಿಭಟನೆಗೂ ಬರ್ಲಿನ್ನಿನ ಪುಂಡಾಟಕ್ಕೂ ಆಶಯದಲ್ಲಿ ಅಜಗಜಾಂತರ. ಮುಂಬಯಿಯವರು ಅವಮಾನಕ್ಕೊಳಗಾದವರು, ಬರ್ಲಿನ್ನಿನವರು ಅವಮಾನ ಮಾಡಲು ಹೊರಟವರು. ಎರಡೂ ಕಡೆ ನಿಷೇಧಕ್ಕೆ ಹೋದ ದಾರಿ ಮಾತ್ರ ಒಂದೇ. ಆಶಯವನ್ನು ಅಳೆಯುವ ತಕ್ಕಡಿ ಸೆನ್ಸಾರಿನ ಬಳಿ ಇರಲಿಲ್ಲ.

ಮುಂಬಯಿಯಲ್ಲಿ ಮಾತಿನ ಮೂಲಕ ಎದುರಿಸುವ ಪ್ರಯತ್ನವೂ ನಡೆಯಿತು ಎಂಬುದು ಈ ಪ್ರಕರಣದ ಬೆಲೆಯುಳ್ಳ ಭಾಗ. ಬಾಬುರಾವ್ ಪಟೇಲರ ‘ಫಿಲ್ಮ್‌ಇಂಡಿಯಾ’ ಮಾಸಿಕ ಭಾರತವನ್ನು ಹೀಗಳೆಯುವ ಚಿತ್ರಗಳ ವಿರುದ್ಧ ದೊಡ್ಡ ಆಂದೋಲನವನ್ನೇ ಹೂಡಿತು. ಹಾಲಿವುಡ್ಡಿನ ‘ಗಂಗಾ ದಿನ್’ 1939ರಲ್ಲಿ ಬಂದಾಗ ಆಗಿನ್ನೂ ತರುಣರಾಗಿದ್ದ ಖ್ವಾಜಾ ಅಹಮದ್ ಅಬ್ಬಾಸರು ಅದರ ವಿರುದ್ಧ ಕಟುವಾಗಿ ಬರೆದರು. ಬ್ರಿಟಿಷ್ ಸೈನಿಕರಿಗಾಗಿ ಪ್ರಾಣ ತೆರುವ ನೀರು ಹೊರುವ ಆಳು ಒಂದು ಕಡೆ, ರಕ್ತಪಿಪಾಸು ಥಗ್ಗರು ಇನ್ನೊಂದು ಕಡೆ—ಟೋಕಾಟಿನ ವಿಂಗಡಣೆಯೇ ಅಲ್ಲಿಯೂ. ಬಂಗಾಲ ಮತ್ತು ಮುಂಬಯಿ ಪ್ರಾಂತಗಳು ಆ ಚಿತ್ರವನ್ನು ನಿಷೇಧಿಸಿದವು.

ಅದೇ ಅಬ್ಬಾಸರು ಮೂವತ್ತು ವರ್ಷಗಳ ಬಳಿಕ ಸೆನ್ಸಾರಿನ ಇನ್ನೊಂದು ಬದಿಯಲ್ಲಿ ನಿಂತರು. ಮುಂಬಯಿಯೂ ಸೇರಿದಂತೆ ನಾಲ್ಕು ನಗರಗಳ ಸಿರಿತನ, ಬಡತನಗಳನ್ನು ಎದುರುಬದುರು ಇಟ್ಟ ಅವರ ಕಿರುಚಿತ್ರಕ್ಕೆ ಎಲ್ಲರೂ ನೋಡಬಹುದಾದ ಪ್ರಮಾಣಪತ್ರ ಕೊಡಲು ಮಂಡಳಿ ಒಪ್ಪಲಿಲ್ಲ. ವೇಶ್ಯಾವಾಟಿಕೆಯ ದೃಶ್ಯಗಳನ್ನು ಕತ್ತರಿಸಲು ಹೇಳಿತು. ಅಬ್ಬಾಸರು ಸುಪ್ರೀಂ ಕೋರ್ಟಿಗೆ ಹೋದರು. ವಿಚಾರಣೆಯ ನಡುವೆ ಸರಕಾರ ಪಟ್ಟು ಸಡಿಲಿಸಿ ಪ್ರಮಾಣಪತ್ರ ನೀಡಲು ಮುಂದಾದರೂ ಪೂರ್ವಪರಿಶೀಲನೆಯ ತತ್ತ್ವವನ್ನೇ ಅವರು ಪ್ರಶ್ನಿಸಿದರು. 1970ರಲ್ಲಿ ನ್ಯಾಯಾಲಯ ಆ ತತ್ತ್ವವನ್ನು ಎತ್ತಿಹಿಡಿಯಿತು. ಇದರಲ್ಲಿ ಅಬ್ಬಾಸರ ದ್ವಂದ್ವವನ್ನು ಹುಡುಕುವುದು ಸುಲಭ, ಆದರೆ ನ್ಯಾಯವಲ್ಲ. ಪರಾಧೀನ ದೇಶದ ವಿಮರ್ಶಕನಿಗೆ ತನ್ನ ಉತ್ತರವನ್ನು ಲಂಡನ್ನಿನ ಇಲ್ಲವೆ ಹಾಲಿವುಡ್ಡಿನ ತೆರೆಯ ಮೇಲೆ ತೋರಿಸುವ ದಾರಿಯಿರಲಿಲ್ಲ. ಸ್ವತಂತ್ರ ದೇಶದ ನಿರ್ದೇಶಕನಿಗೆ ಉತ್ತರಿಸಲು ತನ್ನದೇ ಕ್ಯಾಮೆರಾ ಇತ್ತು. ಅದೇ 1970ರಲ್ಲಿ ಕನ್ನಡದ ‘ಸಂಸ್ಕಾರ’ಕ್ಕೂ ಮದ್ರಾಸಿನ ಮಂಡಳಿ ಮೊದಲು ಪ್ರಮಾಣಪತ್ರ ನಿರಾಕರಿಸಿ, ಮೇಲ್ಮಟ್ಟದಲ್ಲಿ ಅನುಮತಿ ದೊರೆತದ್ದು ಕನ್ನಡಿಗರಿಗೆ ತಿಳಿದದ್ದೇ. ಗದ್ದಲದ ಬೆದರಿಕೆಯನ್ನು ಮುಂದೊಡ್ಡಿ ಚಿತ್ರವನ್ನು ತಡೆಯಬಾರದು, ಪ್ರದರ್ಶನಕ್ಕೆ ರಕ್ಷಣೆ ಕೊಡುವುದು ಸರಕಾರದ ಕರ್ತವ್ಯ ಎಂಬರ್ಥದ ಮಾತನ್ನು ಸುಪ್ರೀಂ ಕೋರ್ಟು ಹೇಳಿದ್ದು 1989ರಲ್ಲಿ, ತಮಿಳಿನ ‘ಒರೇ ಒರು ಗ್ರಾಮತ್ತಿಲೇ’ ಚಿತ್ರದ ಮೊಕದ್ದಮೆಯಲ್ಲಿ. ಈ ಮಾತನ್ನು 1938ಕ್ಕೆ ಹಿಂದಕ್ಕೆ ಒಯ್ದು ಅನ್ವಯಿಸಿದರೆ ಸಾಮ್ರಾಜ್ಯದ ಚಿತ್ರಕ್ಕೇ ರಕ್ಷಣೆ ಸಿಗುತ್ತದೆ. ಆ ತೊಡಕನ್ನು ಬಿಡಿಸದೆ ನಿಷೇಧವನ್ನು ಹೊಗಳುವುದಾಗಲಿ ತೆಗಳುವುದಾಗಲಿ ಹುಸಿ.

‘ದಿ ಡ್ರಮ್’ ಕುರಿತ ಇಂದಿನ ರಸಿಕರ ಮಾತುಕತೆಯಲ್ಲಿ ಎರಡು ನಿಲುವುಗಳಿಗೆ ಎಡೆಯಿದೆ. ಅದು ತನ್ನ ಕಾಲದ ಚಿತ್ರ, ಸಾಹಸಕಥೆಯೆಂದು ನೋಡಿ ಸಂತೋಷಪಟ್ಟರೆ ಸಾಕು ಎಂಬುದು ಒಂದು. ಅದನ್ನು ನೋಡುವುದೇ ಅಪರಾಧವೆಂಬುದು ಇನ್ನೊಂದು. ಮೊದಲನೆಯದು 1938ರ ಪ್ರೇಕ್ಷಕನನ್ನು ಕಾಲದಿಂದ ಹೊರಗಿಡುತ್ತದೆ. ಚಿತ್ರವನ್ನು ಎದುರಿಸಿದವನೂ ಅದೇ ಕಾಲದವನಲ್ಲವೆ? ಎರಡನೆಯದು ಸಾಬುವನ್ನೇ ಹೊರಗಿಡುತ್ತದೆ. ಕಾರಾಪುರದ ಅನಾಥ ಹುಡುಗನಿಗೆ ಪಾತ್ರವನ್ನು ಆಯ್ದುಕೊಳ್ಳುವ ಅಧಿಕಾರವಿರಲಿಲ್ಲ. ಆದರೆ ಕೊಟ್ಟ ಪಾತ್ರದೊಳಗೂ ಅವನ ಚುರುಕು ಸುತ್ತಲಿನ ಗಂಭೀರ ಅಧಿಕಾರಿಗಳನ್ನು ಕೊಂಚ ಮಂಕಾಗಿಸುತ್ತದೆ. ಚಿತ್ರದ ಸಂದೇಶವನ್ನು ಒಪ್ಪದವನೂ ಇದನ್ನು ಕಾಣಬಹುದು. ಕಾಣಬೇಕಾದರೆ ಚಿತ್ರವನ್ನು ನೋಡಿರಬೇಕು.

ಸಾಬು ಮುಂದೆ ‘ದಿ ಥೀಫ್ ಆಫ್ ಬಾಗ್ದಾದ್’ (1940), ‘ಜಂಗಲ್ ಬುಕ್’ (1942) ಚಿತ್ರಗಳಿಂದ ಹೆಸರಾಗಿ ಅಮೆರಿಕದಲ್ಲಿ ನೆಲೆಸಿದರು. 1944ರಲ್ಲಿ ಅಲ್ಲಿನ ಪೌರತ್ವ ಪಡೆದು ಸೇನೆಯ ವಾಯುಪಡೆ ಸೇರಿ, ಪೆಸಿಫಿಕ್ ರಣರಂಗದಲ್ಲಿ ಬಿ-24 ಬಾಂಬರ್ ವಿಮಾನದ ಗನ್ನರ್ ಆಗಿ ಹೋರಾಡಿ ಶೌರ್ಯಪದಕ ಗಳಿಸಿದರು. ತೆರೆಯ ಮೇಲೆ ಬ್ರಿಟಿಷರಿಗಾಗಿ ಡ್ರಮ್ ಬಾರಿಸಿದ ಹುಡುಗ ನಿಜವಾದ ಯುದ್ಧವನ್ನು ಕಂಡದ್ದು ಮತ್ತೊಂದು ದೇಶದ ಸಮವಸ್ತ್ರದಲ್ಲಿ. ಯುದ್ಧ ಮುಗಿಸಿ ಬಂದ ಇಪ್ಪತ್ತಮೂರರ ಪ್ರಾಯದ ಈ ಯೋಧನಿಗೆ 1947ರ ‘ಬ್ಲ್ಯಾಕ್ ನಾರ್ಸಿಸಸ್’ ಚಿತ್ರದಲ್ಲಿ ಬ್ರಿಟಿಷ್ ಚಿತ್ರರಂಗ ಕೊಟ್ಟ ಪಾತ್ರ, ಹಿಮಾಲಯದ ತಪ್ಪಲಿನಲ್ಲಿ ಕ್ರೈಸ್ತ ಸಂನ್ಯಾಸಿನಿಯರ ಬಳಿ ಪಾಠ ಕಲಿಯಲು ಬರುವ ಎಳೆಯ ರಾಜಕುಮಾರನದು.